ಉಗ್ರಾಣದಲ್ಲಿ ಇಂಗ್ಲಿಷ್ ದೆವ್ವ

ಭದ್ರಾವತಿ ನ್ಯೂ ಟೌನಿನ ಸಮಾಜದ ಕಲ್ಯಾಣ ಮಂಟಪದಲ್ಲಿ ದೆವ್ವ ಇದೆ ಅಂತ ತೀರ್ಮಾನವಾದದ್ದು ಒಂದು ಗುರುವಾರ, ಸಂಜೆ ಆರೂಕಾಲಕ್ಕೆ. ಮಾರನೆಯ ದಿನ ಮದುವೆ. ಕರೆಂಟು ಹೋಗಿತ್ತು. ಉಗ್ರಾಣದ ಅರೆ ತೆರೆದ ಬಾಗಿಲ ಹಿಂದಿನಿಂದ ಯಾವುದೋ ಹುಡುಗಿ ಎರಡು ಸಲ ಬಿಕ್ಕಿ ಅತ್ತು, ಆಮೇಲೆ ಸ್ಪಷ್ಟವಾಗಿ ‘ಫೈಂಡ್ ಮೀ’ ಅಂದಳು. ಕೇಳಿಸಿಕೊಂಡವರು ಮದುಮಗಳ ಸೋದರತ್ತೆ ಸುಮನಾ. ಶಿವಮೊಗ್ಗದ ಸವಳಂಗ ರಸ್ತೆಯವರು, ಎಂ.ಎ. ಮಾಡಿದವರು. ಹಾಗಾಗಿ ದೆವ್ವದ ಇಂಗ್ಲಿಷಿನ ಬಗ್ಗೆ ಯಾರೂ ಅನುಮಾನ ಪಡಲಿಲ್ಲ.

ಆ ಹೊತ್ತಿಗೆ ಉಗ್ರಾಣದೊಳಗೆ ಇದ್ದವರು ಜಯಶೀಲಮ್ಮ. ವಯಸ್ಸು ಅರವತ್ತೊಂದು. ಇಪ್ಪತ್ತೆರಡು ವರ್ಷದಿಂದ ಉಗ್ರಾಣದ ಬೀಗದ ಕೈ ಅವರ ಸೊಂಟದಲ್ಲಿದೆ. ಮದುವೆಯವರಿಗೆ ಪಾತ್ರೆ ಕೊಡುವುದು, ಮುಗಿದ ಮೇಲೆ ವಾಪಸು ತೆಗೆದುಕೊಳ್ಳುವುದು ಅವರ ಕೆಲಸ. ಅಲ್ಲಿನ ಪಾತ್ರೆಗಳೆಲ್ಲ ಸಮಾಜದವರು ತೀರಿಹೋದ ತಮ್ಮವರ ಹೆಸರಿನಲ್ಲಿ ಕೊಟ್ಟವು. ಪ್ರತಿಯೊಂದರ ಕಂಠದಲ್ಲೂ ಆ ಹೆಸರು ಕೆತ್ತಿಸಿದೆ. ಜಯಶೀಲಮ್ಮ ಪಾತ್ರೆ ಎಣಿಸುವುದಿಲ್ಲ, ಹಾಜರಿ ಕರೆಯುತ್ತಾರೆ. ‘ಹೊಳೆಹೊನ್ನೂರಿನ ನೀಲಮ್ಮ ಬಂದ್ರು, ಅವರ ಯಜಮಾನ್ರು ಎಲ್ಲಿ?’ ಅಂದರೆ ತಪ್ಪಲೆ ಬಂದಿದೆ, ಅದರ ಜೊತೆಯ ಕೊಳಗ ಇನ್ನೂ ಅಡುಗೆಮನೆಯಲ್ಲೇ ಇದೆ ಅಂತ ಅರ್ಥ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸೌಟೂ ಗೈರುಹಾಜರಾಗಿಲ್ಲ.

ಮದುವೆ ಅಂದರೆ ಎರಡು ಗಂಟೆ ಓಡಾಟ, ಹತ್ತು ಗಂಟೆ ಕಾಯುವುದು. ಆ ಕಾಯುವ ಹೊತ್ತಿಗೆಂದು ತಂಗಿಯ ಮಗಳು ಅಮೂಲ್ಯ ಹೋದ ವರ್ಷ ದೊಡ್ಡಮ್ಮನ ಫೋನಿಗೆ ಒಂದು ಆಟ ಹಾಕಿಕೊಟ್ಟಿದ್ದಳು. ಶಾಪಗ್ರಸ್ತ ಬಂಗಲೆ. ಒಂದೊಂದು ಕೋಣೆಯಲ್ಲೂ ಸಾಮಾನು ರಾಶಿ ಬಿದ್ದಿರುತ್ತದೆ. ಕೆಳಗೆ ಪಟ್ಟಿ ಬರುತ್ತದೆ: ಕತ್ತರಿ, ಗೂಬೆ, ಗಾಜಿನ ಕಣ್ಣು, ಏಳು ಮೇಣದ ಬತ್ತಿ. ಎಲ್ಲ ಹುಡುಕಿ ಮುಟ್ಟಿದರೆ ಮುಂದಿನ ಬಾಗಿಲು ತೆರೆದುಕೊಳ್ಳುತ್ತದೆ. ಆ ಬಾಗಿಲಿಗೆ ಇನ್ನೊಂದು ಒಗಟಿನ ಬೀಗ. ಮಧ್ಯೆ ಮಧ್ಯೆ ಸತ್ತ ಹುಡುಗಿಯೊಬ್ಬಳು ಕನ್ನಡಿಯಲ್ಲಿ ಬಂದು ಅಳುತ್ತಾಳೆ. ಹೆದರಿಸಲೆಂದೇ ಮಾಡಿದ ಆಟ. ಜಯಶೀಲಮ್ಮನಿಗೆ ಹೆದರಿಕೆಗಿಂತ ಸಿಟ್ಟೇ ಹೆಚ್ಚು. ಇಷ್ಟು ದೊಡ್ಡ ಬಂಗಲೆಗೆ ಒಬ್ಬ ಉಗ್ರಾಣದವಳನ್ನು ಇಟ್ಟುಕೊಳ್ಳಬಾರದಿತ್ತೇ, ಪಿಯಾನೋದ ಮೇಲೆ ಮೀನು ಬಿದ್ದಿದೆ, ಇಂಥ ಮನೆಯಲ್ಲಿ ಮಗು ಕಳೆದುಹೋಗದೆ ಇನ್ನೇನಾಗುತ್ತದೆ ಅಂತ ಅಡುಗೆಮನೆಯ ಧನಲಕ್ಷ್ಮಿಯ ಹತ್ತಿರ ಹೇಳಿಕೊಂಡಿದ್ದರು.

ಅವತ್ತು ಆದದ್ದು ಇಷ್ಟೇ. ಕೊಪ್ಪರಿಗೆಯ ಬಾಯಿಗೆ ಬಗ್ಗಿ ಅದನ್ನು ಎಳೆಯುವಾಗ ಇಯರ್‌ಫೋನಿನ ವೈರು ಫೋನಿನಿಂದ ಕಿತ್ತು ಬಂತು. ಹುಡುಗಿ ಅತ್ತಳು. ಹೊರಗೆ ಯಾರೋ ಕಿರುಚಿದರು. ಜಯಶೀಲಮ್ಮ ಫೋನು ಆರಿಸಿ ಹೊರಗೆ ಬರುವಷ್ಟರಲ್ಲಿ ಸುಮನಾ ಊಟದ ಹಾಲಿನ ಆಚೆ ತುದಿ ಸೇರಿದ್ದರು.

ಮದುವೆ ನಡೆಯಿತು. ಆದರೆ ಹುಡುಗಿ ಕಡೆಯವರು ಹೋಳಿಗೆಯನ್ನು ಬಸ್ಸು ಹಿಡಿಯುವವರ ಹಾಗೆ ತಿಂದರು. ಭಾನುವಾರದೊಳಗೆ ಸುದ್ದಿ ಸವಳಂಗ ರಸ್ತೆಯ ಉದ್ದಕ್ಕೂ ಹರಡಿತು. ಸೋಮವಾರ ಭದ್ರಾವತಿಗೆ ವಾಪಸು ಬಂದಾಗ ದೆವ್ವಕ್ಕೆ ಒಂದು ಚರಿತ್ರೆಯೂ ಹುಟ್ಟಿತ್ತು. ಊರಿನ ಕಬ್ಬಿಣದ ಕಾರ್ಖಾನೆ ಕಟ್ಟುವ ಕಾಲಕ್ಕೆ ಬಂದಿದ್ದ ಯಾವುದೋ ವಿದೇಶಿ ಎಂಜಿನಿಯರನ ಮಗಳಂತೆ, ಜ್ವರ ಬಂದು ಹೋದವಳಂತೆ. ಬುಧವಾರ ಅವಳ ಗೌನಿನ ಬಣ್ಣ ಕೂಡ ಗೊತ್ತಾಯಿತು. ಮೂರು ಮದುವೆಯವರು ಬೇರೆ ಮಂಟಪ ನೋಡತೊಡಗಿದರು.

ಜಯಶೀಲಮ್ಮ ಮುಚ್ಚಿಟ್ಟುಕೊಳ್ಳುವವರಲ್ಲ. ಸೋಮವಾರವೇ ಕಾರ್ಯದರ್ಶಿ ವಿಶ್ವಾರಾಧ್ಯರ ಮುಂದೆ ಫೋನು ಇಟ್ಟು, ಹುಡುಗಿಯನ್ನು ಅಳಿಸಿ ತೋರಿಸಿದರು. ವಿಶ್ವಾರಾಧ್ಯರು ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಎರಡು ಸಲ ಕೇಳಿಸಿಕೊಂಡು, ಉಚ್ಚಾರಣೆ ಚೆನ್ನಾಗಿದೆ ಅಂದರು. ಆಮೇಲೆ ಎದ್ದು ಆಫೀಸಿನ ಬಾಗಿಲು ಹಾಕಿದರು.

ಅವರು ವಿವರಿಸಿದ್ದು ನಿಧಾನವಾಗಿ, ಪಾಠ ಮಾಡುವ ಹಾಗೆಯೇ. ಶುಕ್ರವಾರ ಹೋಮ ಅಂತ ಆಗಲೇ ನಿಶ್ಚಯವಾಗಿದೆ. ಶಾಸ್ತ್ರಿಗಳಿಗೆ ಹೇಳಿ ಆಗಿದೆ, ಸುಮನಾ ಅವರನ್ನೇ ಕರೆಸಲಾಗುತ್ತಿದೆ, ಅವರ ಬಾಯಿಂದಲೇ ಸರಿಹೋಯಿತು ಅನ್ನಿಸಿದರೆ ಊರು ನಂಬುತ್ತದೆ. ದೆವ್ವ ಎಲ್ಲಿ ಬೇಕಾದರೂ ಇರಬಹುದು, ಅದು ಯಾರ ತಪ್ಪೂ ಅಲ್ಲ. ಆದರೆ ಸಮಾಜದ ಮಂಟಪದಲ್ಲಿ ಅರವತ್ತು ದಾಟಿದ ಹೆಂಗಸು ಉಗ್ರಾಣದಲ್ಲಿ ಕೂತು ಮಕ್ಕಳಾಟ ಆಡುತ್ತಿದ್ದಳು, ಅದಕ್ಕೆ ಹೆದರಿ ನೆಂಟರು ಓಡಿದರು ಅಂದರೆ ನಾಳೆ ಬೀದಿಯಲ್ಲಿ ತಲೆ ಎತ್ತುವ ಹಾಗಿಲ್ಲ.

“ದೆವ್ವಕ್ಕಾದ್ರೆ ಪರಿಹಾರ ಇದೆ ಜಯಕ್ಕ. ಇದಕ್ಕೆ ಏನಿದೆ ಹೇಳಿ?”

ಅವರು ಕೇಳಿದ್ದು ಹೆಚ್ಚೇನಲ್ಲ. ಶುಕ್ರವಾರ ಎಲ್ಲರ ಮುಂದೆ ನಿಂತು, ನನಗೂ ಆ ದನಿ ಕೇಳಿಸಿತು ಅಂತ ಒಂದು ಮಾತು ಹೇಳಬೇಕು. ಶಾಸ್ತ್ರಿಗಳು ಕೈಗೆ ದಾರ ಕಟ್ಟುತ್ತಾರೆ, ಕಟ್ಟಿಸಿಕೊಳ್ಳಬೇಕು. ಕೆಲಸ ಮುಂದುವರಿಯುತ್ತದೆ. ಆಗುವುದಿಲ್ಲ ಅಂದರೆ ಅವತ್ತೇ ಬೀಗದ ಕೈ ಕೊಟ್ಟು ಹೋಗಬೇಕು.

ಜಯಶೀಲಮ್ಮ ಫೋನು ಎತ್ತಿಕೊಂಡರು. ಅಡುಗೆಮನೆಗೆ ಹೋಗಿ ಕೂತರು. ಧನಲಕ್ಷ್ಮಿ ಕಾಫಿ ಕೊಟ್ಟು, ಒಂದು ಮಾತು ತಾನೇ, ಹೇಳಿಬಿಡಿ ಅಂದಳು. ಅವಳಪ್ಪ ತಮಿಳುನಾಡಿನಿಂದ ಕಾರ್ಖಾನೆಗೆ ಬಂದವನು. ಮೇಲಿನವರು ಹೇಳಿದ್ದಕ್ಕೆ ಅವನು ತಲೆ ಆಡಿಸಿ ಮನೆಗೆ ಬಂದು ಬೈಯುವುದನ್ನು ಮೂವತ್ತು ವರ್ಷ ನೋಡಿ ಕಲಿತಿದ್ದಳು.

“ನಿಮಗೆ ಏನು ಹೋಗುತ್ತೆ ಅಕ್ಕಾ? ದೆವ್ವ ಏನು ಕೇಸು ಹಾಕುತ್ತಾ?”

“ಇವತ್ತು ಉಗ್ರಾಣದಲ್ಲಿ ದೆವ್ವ ಇದೆ ಅಂತ ನನ್ನ ಬಾಯಲ್ಲೇ ಬಂತು ಅಂತ ಇಟ್ಕೋ. ನಾಳೆ ಒಂದು ಸೌಟು ಕಾಣಲ್ಲ. ದೆವ್ವ ತಗೊಂಡು ಹೋಯ್ತು ಅಂತಾರೆ. ನಾಡಿದ್ದು ಕೊಳಗ ಕಾಣಲ್ಲ. ಅದೂ ದೆವ್ವ. ಆಮೇಲೆ ನಾನ್ಯಾಕೆ ಮಾರಾಯ್ತಿ ಅಲ್ಲಿ? ದೆವ್ವದ ಕೈಲೇ ಬೀಗ ಕೊಟ್ಟುಬಿಡಲಿ.”

ಧನಲಕ್ಷ್ಮಿ ಯೋಚಿಸಿದಳು. ಬೀದಿಯ ಕಡೆಯ ಕಿಟಕಿ ಹಾಕಿ ಬಂದು, ಸರಿ, ಆಟವನ್ನು ನನಗೂ ಒಂದು ಸಲ ತೋರಿಸಿ ಅಂದಳು. ಗೂಬೆಯನ್ನು ಮೊದಲು ಕಂಡದ್ದು ಅವಳೇ.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ನೂರಾ ಇಪ್ಪತ್ತು ಜನ ಸೇರಿದ್ದರು. ಅಷ್ಟು ಜನ ಸಮಾಜದ ವಾರ್ಷಿಕ ಸಭೆಗೆ ಯಾವತ್ತೂ ಬಂದವರಲ್ಲ. ಹೋಮಕುಂಡ ಇಟ್ಟಿದ್ದು ಮಂಟಪ ಕಟ್ಟಿಸಿದ ಹಿರಿಯರ ಫೋಟೋದ ಕೆಳಗೆ. ಆ ಹಿರಿಯರು ರಾಹುಕಾಲದಲ್ಲಿ ಅಡಿಗಲ್ಲು ಹಾಕಿಸಿ, ಇಲ್ಲಿ ಲಿಂಗಪೂಜೆಯ ಧೂಪ ಬಿಟ್ಟು ಬೇರೆ ಹೊಗೆ ಏಳಕೂಡದು ಅಂದಿದ್ದರಂತೆ. ಫೋಟೋಕ್ಕೆ ಹಾರ ಹಾಕಿದ್ದರಿಂದ ಮುಖ ಅರ್ಧ ಮುಚ್ಚಿತ್ತು, ಒಳ್ಳೆಯದೇ ಆಯಿತು. ಅಧ್ಯಕ್ಷರು ಉಜ್ಜನಪ್ಪ, ಅಡಿಕೆ ಮಂಡಿಯವರು, ಮುಂದಿನ ಸಾಲಿನಲ್ಲಿ ಕೂತು ಗಡಿಯಾರ ನೋಡುತ್ತಿದ್ದರು. ಸುಮನಾ ಶಿವಮೊಗ್ಗದಿಂದ ಒಂದು ಇನೋವಾ ತುಂಬ ನೆಂಟರೊಂದಿಗೆ ಬಂದಿದ್ದರು. ಮದುವೆಗಿಂತ ಒಳ್ಳೆಯ ಸೀರೆ ಉಟ್ಟಿದ್ದರು.

ವಿಶ್ವಾರಾಧ್ಯರು ಪ್ರಾಸ್ತಾವಿಕ ಮಾತಾಡಿ, ಉಗ್ರಾಣದ ಜಯಕ್ಕನವರು ತಮ್ಮ ಅನುಭವ ಹೇಳುತ್ತಾರೆ ಅಂದು ಮೈಕನ್ನು ಕೈಗೆ ಕೊಟ್ಟರು. ಕೊಡುವಾಗ ಬೀಗದ ಕೈ ಇದ್ದ ಕಡೆ ಒಮ್ಮೆ ನೋಡಿದರು.

ಜಯಶೀಲಮ್ಮ ಮೈಕನ್ನು ಬಾಯಿಯ ಹತ್ತಿರ ಹಿಡಿಯಲಿಲ್ಲ. ಸೆರಗಿನಿಂದ ಫೋನು ತೆಗೆದು ಅದರ ಹತ್ತಿರ ಹಿಡಿದರು.

ಮಂಟಪದ ಆರು ಸ್ಪೀಕರುಗಳಲ್ಲೂ ಹುಡುಗಿ ಅತ್ತಳು. ಹಿಂದಿನ ಎರಡು ಸಾಲು ಎದ್ದು ನಿಂತಿತು. ಶಾಸ್ತ್ರಿಗಳ ಕೈಯಿಂದ ತುಪ್ಪ ಬಿಡುವ ಮರದ ಸ್ರುವ ಜಾರಿತು. ‘ಫೈಂಡ್ ಮೀ’ ಅನ್ನುವ ಹೊತ್ತಿಗೆ ಚಪ್ಪಲಿ ಸ್ಟ್ಯಾಂಡಿನ ಹತ್ತಿರ ನೂಕುನುಗ್ಗಲು.

“ಯಾರೂ ಓಡಬೇಡಿ,” ಅಂದರು ಜಯಶೀಲಮ್ಮ ಮೈಕಿನಲ್ಲಿ. “ಇದು ನನ್ನ ಫೋನು. ಅವತ್ತೂ ಇದೇ ಅತ್ತದ್ದು. ಉಗ್ರಾಣದಲ್ಲಿ ಸತ್ತವರು ಮುನ್ನೂರ ಹನ್ನೊಂದು ಜನ ಇದಾರೆ, ಎಲ್ಲರ ಹೆಸರೂ ನಂಗೆ ಬಾಯಿಪಾಠ. ಅದ್ರಲ್ಲಿ ಇಂಗ್ಲಿಷಿನವರು ಯಾರೂ ಇಲ್ಲ.”

ಎಲ್ಲರೂ ಸುಮನಾ ಕಡೆ ತಿರುಗಿದರು. ಸುಮನಾ ಎದ್ದು ನಿಂತರು. ಒಂದು ವಾರದಿಂದ ಅವರ ಮನೆಗೆ ಬಂದವರೆಲ್ಲ ಆ ಸಂಜೆಯ ಕಥೆ ಕೇಳಿ, ಕಾಫಿ ಕುಡಿದು, ಮೈ ಜುಮ್ಮೆನ್ನಿಸಿಕೊಂಡು ಹೋಗಿದ್ದರು. ಅಂಥ ವಾರ ಮನುಷ್ಯರಿಗೆ ಪದೇ ಪದೇ ಸಿಗುವುದಿಲ್ಲ.

“ಇದು ಅದಲ್ಲ,” ಅಂದರು ಸುಮನಾ. “ನಾನು ಕೇಳಿದ್ದು ಇಷ್ಟು ತೆಳ್ಳನೆಯ ದನಿ ಅಲ್ಲ, ಆಳದಿಂದ ಬಂದಿತ್ತು.”

ವಿಶ್ವಾರಾಧ್ಯರ ಮುಖಕ್ಕೆ ಜೀವ ಬಂತು. ಮೈಕಿಗೆ ಕೈ ಚಾಚಿದರು. ಜಯಶೀಲಮ್ಮ ಮೈಕು ಬಿಡಲಿಲ್ಲ. ಕೊಪ್ಪರಿಗೆ ಎಳೆದು ಪಳಗಿದ ಕೈ, ಸುಲಭಕ್ಕೆ ಬಿಡುವಂಥದ್ದಲ್ಲ. ಸುಮನಾ ಅವರೇ, ದೊಡ್ಡ ಮನಸ್ಸು ಮಾಡಿ ಅವತ್ತು ನಿಂತ ಜಾಗದಲ್ಲೇ ಇನ್ನೊಂದು ಸಲ ನಿಲ್ಲಿ ಅಂದರು. ಬಂದವರೆಲ್ಲ ನಿಲ್ಲಿ, ನಿಲ್ಲಿ ಅಂದರು. ಹೋಮಕ್ಕಿಂತ ಇದು ವಾಸಿ ಅಂತ ಅವರಿಗೆ ಆಗಲೇ ಅನ್ನಿಸಿತ್ತು. ಜಯಶೀಲಮ್ಮ ಉಗ್ರಾಣದೊಳಗೆ ಹೋಗಿ, ಬಾಗಿಲು ಅರ್ಧ ಎಳೆದುಕೊಂಡು, ಫೋನನ್ನು ಅವತ್ತಿನ ಕೊಪ್ಪರಿಗೆಯ ಬಾಯಲ್ಲಿ ಹಿಡಿದರು. ತಾಮ್ರದ ಹೊಟ್ಟೆಯಿಂದ ಬಂದ ಅಳು ಕೇಳಿದರೆ ಆಟ ಮಾಡಿದವರೂ ಓಡುತ್ತಿದ್ದರು. ಸುಮನಾ ಕೆಳಗೆ ಕೂತುಬಿಟ್ಟರು. ಅದೇ, ಅದೇ ಅಂದರು. ಅವರ ಮಟ್ಟಿಗೆ ಅದು ಪ್ರಾಮಾಣಿಕವಾದ ಮಾತು.

ಆಮೇಲಿನದು ಹೇಗಾಯಿತು ಅಂತ ವಿಶ್ವಾರಾಧ್ಯರಿಗೆ ಈಗಲೂ ಗೊತ್ತಾಗಿಲ್ಲ. ಸುಮನಾಗೆ ನೀರು ಕೊಡಲು ಹೋದ ಹೆಂಗಸರು ಅಲ್ಲೇ ನಿಂತರು. ಯಾರೋ ಫೋನು ತೋರಿಸಿ ಅಂದರು. ಕತ್ತರಿ ಎಲ್ಲಿ ಅಂತ ಒಬ್ಬಳು, ಪರದೆಯ ನೆರಿಗೆಯಲ್ಲಿ ನೋಡಿ ಅಂತ ಧನಲಕ್ಷ್ಮಿ. ಐದು ನಿಮಿಷದಲ್ಲಿ ಉಗ್ರಾಣದ ಬಾಗಿಲಲ್ಲಿ ಇಪ್ಪತ್ತು ತಲೆಗಳು ಒಂದು ಅಂಗೈ ಅಗಲದ ಬಂಗಲೆಯ ಮೇಲೆ ಬಗ್ಗಿದ್ದವು. ಸುಮನಾ ಕೂತಲ್ಲಿಂದಲೇ ಗಾಜಿನ ಕಣ್ಣು ಅಂದರೆ ದೀಪದ ಬುರುಡೆಯ ಪಕ್ಕದಲ್ಲಿ ಇರಬಹುದು ಅಂದರು. ಅಲ್ಲಿ ಇರಲಿಲ್ಲ. ಆದರೂ ಅವರಿಗೆ ಜಾಗ ಬಿಟ್ಟರು.

ಶಾಸ್ತ್ರಿಗಳು ಲೋಕ ಕಂಡವರು. ಸಾಮಗ್ರಿ ಬಂದಿದೆ, ಗಣಪತಿ ಹೋಮ ಮಾಡಿಬಿಡೋಣ, ಅದು ಯಾವುದಕ್ಕಾದರೂ ಆಗುತ್ತದೆ ಅಂದರು. ಉಜ್ಜನಪ್ಪನವರು ಊಟ ಎಷ್ಟು ಹೊತ್ತಿಗೆ ಅಂತ ಮಾತ್ರ ಕೇಳಿದರು.

ಊಟವಾದ ಮೇಲೆ ವಿಶ್ವಾರಾಧ್ಯರು ಉಗ್ರಾಣಕ್ಕೆ ಬಂದು ಕೈ ಚಾಚಿದರು. ಮಾತು ಮಾತೇ, ಬೀಗದ ಕೈ ಕೊಡಿ ಅಂದರು. ಜಯಶೀಲಮ್ಮ ಆಗ ಹಾಜರಿ ಕರೆಯುತ್ತಿದ್ದರು, ನಿಲ್ಲಿಸಲಿಲ್ಲ. ಕೊನೆಯ ಹೆಸರು ಬಂದ ಮೇಲೆ ತಿರುಗಿದರು.

“ಕೊಡ್ತೀನಿ ಮೇಷ್ಟ್ರೇ. ನನ್ನನ್ನ ಕೆಲಸಕ್ಕೆ ಇಟ್ಟಿದ್ದು ಸಭೆ. ಸಭೆ ಕರೀರಿ, ನನಗೂ ಒಂದು ಕುರ್ಚಿ ಹಾಕಿಸಿ. ಯಾಕೆ ತೆಗೀತಿದೀರಿ ಅಂತ ಅಲ್ಲಿ ಬರೀರಿ. ಓದಿ ನೋಡಿ ಕೊಡ್ತೀನಿ.”

ಸಭೆ ಭಾನುವಾರ ಸೇರಿತು. ಕುರ್ಚಿ ಹಾಕಿಸಬೇಕೋ ಬೇಡವೋ ಅನ್ನುವುದರಲ್ಲೇ ಕಾಲು ಗಂಟೆ ಹೋಯಿತು. ಅಷ್ಟರಲ್ಲಿ ಧನಲಕ್ಷ್ಮಿ ಊಟದ ಹಾಲಿನಿಂದ ಒಂದು ತಂದು ಇಟ್ಟಾಗಿತ್ತು. ಕಾರಣ ಬರೆಯಲು ಕೂತಾಗ ತೊಡಕು ಕಾಣಿಸಿತು. ಕೆಲಸದ ವೇಳೆ ಆಟ ಅಂತ ಬರೆದರೆ ಹೋಮ ಯಾಕೆ ಮಾಡಿಸಿದಿರಿ ಅಂತ ಬರುತ್ತದೆ. ದೆವ್ವ ಅಂತ ಬರೆದರೆ ಮಂಟಪ ಯಾರು ಕೇಳುತ್ತಾರೆ? ಸೌಟು ಕಳೆದಿದೆ ಅನ್ನೋಣ ಅಂದರೆ ಕಳೆದಿಲ್ಲ. ಶಿವಮೊಗ್ಗದಿಂದ ಇಬ್ಬರು ಆಗಲೇ ಫೋನು ಮಾಡಿ, ಮದುವೆಯ ಹಿಂದಿನ ಸಂಜೆ ಆ ಹುಡುಗಿ ಆಟ ನಮ್ಮ ಹೆಂಗಸರಿಗೂ ಇರುತ್ತದಾ ಅಂತ ವಿಚಾರಿಸಿದ್ದನ್ನು ಉಜ್ಜನಪ್ಪನವರು ಮೆಲ್ಲಗೆ ಹೇಳಿದರು.

ಕಾರಣವಿಲ್ಲದೆ ತೆಗೆಯುವಂತಿಲ್ಲ, ಮುಂದಿನ ವಿಷಯಕ್ಕೆ ಹೋಗೋಣ ಅಂದರು ಅಧ್ಯಕ್ಷರು. ಜಯಶೀಲಮ್ಮ ಕುರ್ಚಿ ಬಿಟ್ಟು ಏಳಲಿಲ್ಲ.

“ಉಗ್ರಾಣದಲ್ಲಿ ದೆವ್ವ ಇಲ್ಲ ಅಂತ ಮೊದಲು ಬರೀರಿ.”

ಅದನ್ನೆಲ್ಲ ಬರೆಯುವ ಪದ್ಧತಿ ಇಲ್ಲ ಅಂದರು ವಿಶ್ವಾರಾಧ್ಯರು. ಇದೆ ಅಂತ ಊರಿಗೆಲ್ಲ ಹೇಳುವ ಪದ್ಧತಿ ಇತ್ತಲ್ಲ ಅಂದರು ಜಯಶೀಲಮ್ಮ. ಉಜ್ಜನಪ್ಪನವರು ಬರೀರಿ ಮಾರಾಯ್ರೇ, ಮಂಡಿಗೆ ಹೋಗಬೇಕು ಅಂದರು. ಮೇಷ್ಟ್ರು ಪೆನ್ನಿನ ಟೋಪಿ ತೆಗೆದು, ದುಂಡನೆಯ ಅಕ್ಷರದಲ್ಲಿ ಬರೆದು, ಪುಸ್ತಕ ತಿರುಗಿಸಿ ಮುಂದಿಟ್ಟರು. ಉಗ್ರಾಣದಲ್ಲಿ ಸದ್ಯಕ್ಕೆ ದೆವ್ವ ಇರುವುದಿಲ್ಲ ಅಂತ ಇತ್ತು.

ಜಯಶೀಲಮ್ಮ ಕನ್ನಡಕ ಹಾಕಿಕೊಂಡು ಓದಿದರು. ‘ಸದ್ಯಕ್ಕೆ’ ಅನ್ನುವುದರ ಮೇಲೆ ಬೆರಳಿಟ್ಟರು. ಬೆರಳನ್ನು ತೆಗೆಯಲಿಲ್ಲ. ಮೇಷ್ಟ್ರು ಪೆನ್ನು ಹಿಡಿದು ಕಾದರು, ಅಧ್ಯಕ್ಷರನ್ನು ನೋಡಿದರು, ಕಿಟಕಿ ನೋಡಿದರು. ಕೊನೆಗೆ ದಯವಿಟ್ಟು ಬೆರಳು ತೆಗೀರಿ, ಆ ಪದ ಹೊಡೆದು ಹಾಕ್ತೀನಿ ಅಂದರು.