ಗೋಡೆ ತುಂಬ ಈಶ್ವರಮ್ಮ

"ಬಿಚ್ಚಲೇ ಅಂಗಿ, ಬೋಳಿಮಗನೆ. ಮದುವೆ ಗಂಡೇನ್ಲಾ ನೀನು?"

ಹೇಳುತ್ತಿದ್ದ ಹಾಗೇ ಸಂಪಂಗಿ ಮೇಲಿನ ಗುಂಡಿ ಕಿತ್ತ. ಅದು ಸಿಮೆಂಟಿನ ಮೇಲೆ ಬಿದ್ದು ಎಲ್ಲಿಗೋ ಉರುಳಿಹೋಯಿತು. ನಾನು ಕಾಲರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬೆಳಿಗ್ಗೆ ನಾನೇ ಒಗೆದು, ತಗಡಿನ ಮೇಲೆ ಹರವಿ, ಒಣಗಿತೋ ಇಲ್ಲವೋ ಎಂದು ಹತ್ತಾರು ಸಲ ಮುಟ್ಟಿ ನೋಡಿ ಹಾಕಿಕೊಂಡಿದ್ದ ಅಂಗಿ ಅದು. ಬನಶಂಕರಿ ಬಸ್‌ ನಿಲ್ದಾಣದ ಹೊರಗೆ ರಸ್ತೆಬದಿಯಲ್ಲಿ ಗುಡ್ಡೆ ಹಾಕಿ ಮಾರುತ್ತಿದ್ದಾಗ ಈಶ್ವರಮ್ಮ ಆರಿಸಿ ತೆಗೆಸಿದ್ದು. ಬಣ್ಣ ಯಾವುದು ಎಂದು ಕೇಳಿದ್ದೆ. ನಿನಗ್ಯಾಕೆ ಬಣ್ಣ, ನೋಡುವವಳು ನಾನು ಅಂದಿದ್ದಳು. ಇವತ್ತಿಗೂ ಅದರ ಬಣ್ಣ ನನಗೆ ಗೊತ್ತಿಲ್ಲ.

"ಅವ್ರು ಕರೆದಿರೋದು ಭಿಕ್ಷುಕನ್ನ ಕಣೋ. ಹಿಂಗೆ ಸ್ನಾನ ಮಾಡಿ ತಲೆ ಬಾಚ್ಕೊಂಡು ಹೋದ್ರೆ ಯಾರ್ಲಾ ಇವನು ಎಲ್‌ಐಸಿ ಏಜೆಂಟು ಅಂತಾರೆ."

ಶೆಡ್ಡಿನಲ್ಲಿ ಉಳಿದವರು ನಕ್ಕರು. ನಗದಿದ್ದರೆ ರಾತ್ರಿ ಊಟದಲ್ಲಿ ಸಾರು ನೀರಾಗುತ್ತದೆ. ಸಂಪಂಗಿ ಅಂಗಿ ಎಳೆದು ಎಸೆದು, ಭಿಕ್ಷೆಗೆ ಹೋಗುವಾಗಿನ ಡ್ಯೂಟಿ ಅಂಗಿಯನ್ನು ನನ್ನ ಮುಖದ ಮೇಲೆ ಹಾಕಿದ. ಡೀಸೆಲ್ಲು, ಬೆವರು, ಹುಳಿತ ಹಾಲಿನ ವಾಸನೆ. ಒಲೆಯ ಬೂದಿಯನ್ನು ನೀರಿನಲ್ಲಿ ನಾದಿ ನನ್ನ ಗಡ್ಡಕ್ಕೆ ಬಳಿದ. ನಾನು ಗಲ್ಲ ಎತ್ತಿ ಕೊಟ್ಟೆ. ಅವನು ಸಿಟ್ಟಾಗಿ ಕರೆದುಕೊಂಡು ಹೋಗುವುದಿಲ್ಲ ಅಂದುಬಿಟ್ಟರೆ ಮುಗಿಯಿತು. ನಾನು ಹೋಗಲೇಬೇಕಿತ್ತು. ಈಶ್ವರಮ್ಮನ ದನಿ ಕೇಳಬೇಕಿತ್ತು.

ಅವಳು ಸತ್ತು ಒಂದು ಮಳೆಗಾಲ ಕಳೆದಿದೆ. ನಮ್ಮನ್ನು ಜೋಡಿ ಮಾಡಿದ್ದು ಸಂಪಂಗಿಯೇ. ಅವನ ಇಟ್ಟಮಡುವಿನ ಶೆಡ್ಡಿನಲ್ಲಿ ಕೈಯಿಲ್ಲದ್ದು, ಕಾಲಿಲ್ಲದ್ದು, ಬುದ್ಧಿ ನಿಲ್ಲದ್ದು ಎಲ್ಲವೂ ಇವೆ; ಎಲ್ಲಕ್ಕೂ ಅವನು ಪೀಸು ಎನ್ನುತ್ತಾನೆ. ಬೆಳಿಗ್ಗೆ ಗೂಡ್ಸ್‌ ಆಟೋದಲ್ಲಿ ತುಂಬಿ ಅವರವರ ಜಾಗದಲ್ಲಿ ಇಳಿಸುತ್ತಾನೆ, ಸಂಜೆ ಎತ್ತಿಕೊಂಡು ಬಂದು ಜೇಬು ತಡಕುತ್ತಾನೆ. ಕಾಲಿಲ್ಲದವಳನ್ನು ಬೇರಿಂಗ್‌ ಗಾಡಿಯ ಮೇಲೆ ಕೂರಿಸಿ ಕಣ್ಣಿಲ್ಲದವನ ಕೈಯಲ್ಲಿ ತಳ್ಳಿಸಿದರೆ ಜನ ಕರಗುತ್ತಾರೆ ಎಂದು ಲೆಕ್ಕ ಹಾಕಿದವನು ಅವನು. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸು ನಮ್ಮ ಜಾಗ. ಮದುವೆ ನಾವು ಆಮೇಲೆ ಮಾಡಿಕೊಂಡದ್ದು, ಅವನಿಗೆ ಹೇಳದೆ. ಹೂವಿನಂಗಡಿಯವಳು ಕೊಟ್ಟ ಅರಿಶಿನದ ಕೊಂಬನ್ನು ನಾನು ತಡವಿ ತಡವಿ ಅವಳ ಕೊರಳಿಗೆ ಕಟ್ಟಿದಾಗ, ಗಂಟು ಸಡಿಲವಾಯ್ತು, ಮೂದೇವಿ, ಇನ್ನೊಂದು ಹಾಕು ಎಂದು ಬೈದಿದ್ದಳು.

ಅವಳು ನನಗೆ ದಿನವೆಲ್ಲ ದನಿಯಾಗಿದ್ದಳು. ಎಡಕ್ಕೆ ತಿರುಗ್ಸು, ಗುಂಡಿ ಐತೆ ನಿಧಾನ, ಪೊಲೀಸ್ನೋನು ಬಂದ ನಿಲ್ಸು. ಸತ್ತ ಮೇಲೆ ಮೊದಮೊದಲು ರಸ್ತೆ ದಾಟುವಾಗ ಕಿವಿಯೊಳಗೆ ಅವಳೇ ಹೇಳುತ್ತಿದ್ದಳು. ಬರಬರುತ್ತ ಮಾತು ಉಳಿಯಿತು, ದನಿ ಹೋಯಿತು. ಈಗ ಎಡಕ್ಕೆ ತಿರುಗ್ಸು ಎನ್ನುವುದು ನನ್ನದೇ ದನಿಯಲ್ಲಿ ಬರುತ್ತದೆ. ಅವಳ ಮೂಗು, ಗಲ್ಲದ ಮೇಲಿನ ಸುಟ್ಟ ಕಲೆ, ನರೆತ ಕೂದಲು ಒರಟಾಗಿದ್ದದ್ದು, ಎಲ್ಲ ನನ್ನ ಬೆರಳಿನಲ್ಲಿವೆ. ದನಿಯನ್ನು ಬೆರಳಿನಲ್ಲಿ ಇಟ್ಟುಕೊಳ್ಳುವುದು ಹೇಗೆ?

ಅದಕ್ಕೇ ಸಿನಿಮಾ.

ನಮ್ಮಂಥವರ ಬಗ್ಗೆಯೇ ಒಂದು ತಮಿಳು ಸಿನಿಮಾ. ಹುಳಿಮಾವಿನ ಕೆರೆಯ ಹತ್ತಿರ ಪ್ಲೈವುಡ್ಡಿನ ದೇವಸ್ಥಾನ ಕಟ್ಟಿ ತೆಗೆದರು. ಸಂಪಂಗಿ ಜನ ಒದಗಿಸಿದ. ಡೈರೆಕ್ಟರಿಗೆ ಈಶ್ವರಮ್ಮ ಹಿಡಿಸಿಬಿಟ್ಟಳು. ಕ್ಯಾಮೆರಾದವನಿಗೇ ಬಾಯಿಗೆ ಬಂದ ಹಾಗೆ ಬೈದದ್ದನ್ನು ಕೇಳಿ ನಕ್ಕು, ಅವಳಿಗೆ ಮಾತು ಕೊಟ್ಟ. ನನಗೆ ಬಾಯಿ ಬಿಡಬೇಡ, ಗಾಡಿ ತಳ್ಳು ಅಂದ. ಅವಳದು ಸಿಗ್ನಲ್ಲಿನಲ್ಲಿ ಕಲಿತ ತಮಿಳು, ನಡುನಡುವೆ ಕನ್ನಡ ನುಗ್ಗುತ್ತಿತ್ತು. ಪರವಾಗಿಲ್ಲ, ಹಾಗೇ ಇರಲಿ, ಜೀವ ಇದೆ ಎಂದು ಅವನು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

ಒಂದು ದಿನ ಟ್ಯಾಂಕರಿನಿಂದ ಮಳೆ ಹೊಯ್ಯಿಸಿದರು. ಆ ಗದ್ದಲದಲ್ಲಿ ಯಾರೋ ನನ್ನ ಬಾಯಿ ಮುಚ್ಚಿ ಗಾಡಿಯ ಹಿಂದಿನಿಂದ ಎಳೆದುಕೊಂಡು ಹೋದರು. ಅವಳಿಗೆ ಹೇಳಿರಲಿಲ್ಲ. ಅವಳು ಕೈಚಾಚಿ ಹಿಂದೆ ತಡಕಿದ್ದಾಳೆ, ನಾನಿಲ್ಲ. ನನಗೆ ಅವಳೇ ಇಟ್ಟ ಹೆಸರಿನಲ್ಲಿ ಕೂಗಿದಳು.

"ಪಿಳ್ಳಾ! ಎಲ್ಲೋದ್ಯೋ ಪಿಳ್ಳಾ, ನಾನು ಇಲ್ಲೇ ಇವ್ನಿ ಕಣೋ!"

ಅದು ನಟನೆಯಲ್ಲ. ಆ ಕೂಗು ಈಗಲೂ ನನಗೆ ಗೊತ್ತು ಎನ್ನುತ್ತೇನೆ, ಆದರೆ ಕೇಳಿಸುವುದಿಲ್ಲ. ಡೈರೆಕ್ಟರ್‌ ಅತ್ತನಂತೆ. ಅತ್ತು, ಇನ್ನೊಂದು ಸಲ ಅಂದ. ಆಮೇಲೆ ಇನ್ನೊಂದು. ಸಂಜೆಯವರೆಗೆ ಮಳೆ ಹುಯ್ದಿತು.

ಕೆಮ್ಮು ಅಲ್ಲಿಂದ ಶುರುವಾದದ್ದು. ಆಸ್ಪತ್ರೆಗೆ ಹಾಕು ಎಂದು ನಾನು ಸಂಪಂಗಿಯ ಕಾಲು ಹಿಡಿದೆ. ಅವನು ಅವಳ ಕೆಮ್ಮನ್ನು ಸ್ವಲ್ಪ ಹೊತ್ತು ನಿಂತು ಕೇಳಿಸಿಕೊಂಡ. ಒಳ್ಳೆ ಕೆಮ್ಮು, ಇದೇ ಕೆಮ್ಮನ್ನ ಸಿಗ್ನಲ್ಲಲ್ಲಿ ಕೆಮ್ಲಿ ಅಂದ. ಕೆಮ್ಮಿಸಿದ. ಗಾಡಿ ತಳ್ಳಿದವನು ನಾನು.

*

ಸಿನಿಮಾ ತೋರಿಸುವ ಹಾಲ್ ಜಯನಗರದಲ್ಲೇ, ನಮ್ಮ ಕಾಂಪ್ಲೆಕ್ಸಿಗೆ ದೂರವೇನಲ್ಲ. ಗೇಟಿನಲ್ಲಿ ವಾಚ್‌ಮನ್‌ ಎದೆಗೆ ಕೈ ಕೊಟ್ಟು ತಡೆದ. ಇವತ್ತು ದೊಡ್ಡವರು ಬರ್ತಾರೆ, ಆಚೆ ಹೋಗ್ರಯ್ಯಾ. ಸಂಪಂಗಿ ಇವನೇ ಇವತ್ತಿನ ಗೆಸ್ಟು ಎಂದು ವಾದಿಸುತ್ತಿರುವಾಗ ಯಾರೋ ಹೆಂಗಸು, ಸೆಂಟಿನ ವಾಸನೆಯವಳು, ನನ್ನ ಅಂಗೈಗೆ ನಾಣ್ಯ ಒತ್ತಿ ಒಳಗೆ ಹೋದಳು. ಕೈ ತಾನಾಗಿಯೇ ಹಣೆಗೆ ಹೋಯಿತು. ಸಂಪಂಗಿ ವಾದ ನಿಲ್ಲಿಸದೆಯೇ ನಾಣ್ಯ ತೆಗೆದುಕೊಂಡ.

ಸೀತಾಲಕ್ಷ್ಮಿ ಮೇಡಂ ಓಡಿ ಬಂದರು. ಫಿಲ್ಮ್‌ ಕ್ಲಬ್ಬು ಅವರದು. ಅಯ್ಯೋ ಇವರೇ ಕಣ್ರೀ, ಈಶ್ವರಮ್ಮನವರ ಯಜಮಾನ್ರು, ಎಂದು ವಾಚ್‌ಮನ್ನನ್ನು ಗದರಿ, ನನ್ನ ತೋಳು ಹಿಡಿಯಲು ಬಂದು, ತೋಳಿನ ಬದಲು ಕೋಲಿನ ತುದಿ ಹಿಡಿದು ಒಳಗೆ ನಡೆಸಿದರು. ಎಸಿಯ ತಂಪು, ಫಿಲ್ಟರ್‌ ಕಾಫಿ, ಹೊಸ ಕಾರ್ಪೆಟ್ಟು. ಅವರು ಯಾರಿಗೋ ಪಿಸುಗುಟ್ಟಿದರು. ನಾನು ಕೂತಾಗ ನನ್ನ ಕೆಳಗೆ ನ್ಯೂಸ್‌ ಪೇಪರ್‌ ಚರಚರ ಅಂದಿತು. ಸಂಪಂಗಿ ಪಕ್ಕದಲ್ಲಿ ಕೂತ. ಅವನ ಕೆಳಗೆ ಸದ್ದಿರಲಿಲ್ಲ.

ಸಿನಿಮಾ ಶುರುವಾಯಿತು. ಪಿಟೀಲು. ಮತ್ತೆ ಪಿಟೀಲು. ದೇವಸ್ಥಾನದ ಗಂಟೆ, ಚಪ್ಪಲಿ, ಜನ. ಒಂದು ಗಾಡಿಯ ಬೇರಿಂಗ್‌ ಉರುಳುವ ಸದ್ದು ಬಂತು. ನಮ್ಮ ಗಾಡಿಯ ಎಡಗಾಲಿ ಕಿರುಗುಟ್ಟುತ್ತಿತ್ತು. ಇದು ನುಣ್ಣಗೆ ಹೋಯಿತು. ಇದು ಬೇರೆ ಯಾರದೋ ಗಾಡಿ, ನಮ್ಮದು ಆಮೇಲೆ ಬರುತ್ತದೆ ಎಂದುಕೊಂಡೆ.

ಒಬ್ಬ ಹೆಂಗಸು ಮಾತಾಡಿದಳು. ಸಾಮೀ, ಧರ್ಮಂ ಪಣ್ಣುಂಗ ಸಾಮೀ. ಧರ್ಮ ಮಾಡಿ ಎನ್ನುವ ದುಂಡಗಿನ ತಮಿಳು, ಅಳುವಿನ ಅಂಚಿನಲ್ಲಿ ನಿಂತ ದನಿ. ಹಾಲಿನಲ್ಲಿ ಯಾರೋ ಉಸಿರೆಳೆದುಕೊಂಡರು. ನಾನು ಕಾಯುತ್ತಿದ್ದೆ. ಆ ಹೆಂಗಸೇ ಮತ್ತೆ ಮಾತಾಡಿದಳು, ಬೈದಳು, ಜನ ನಕ್ಕರು. ನಾನು ಸಂಪಂಗಿಯ ಕಡೆ ಬಾಗಿ ಈಶ್ವರಮ್ಮ ಯಾವಾಗ ಬರುತ್ತಾಳೆ ಎಂದು ಕೇಳಿದೆ.

"ಬಂದು ಆಗ್ಲೇ ಎಷ್ಟೊತ್ತಾಯ್ತು. ಗೋಡೆ ತುಂಬ ಅವ್ಳೇ ಅಲ್ವೇನ್ಲಾ. ಏನ್‌ ಸಖತ್ತಾಗಿ ಕಾಣ್ತಾವ್ಳೆ."

"ಮಾತಾಡ್ತಿಲ್ವಲ್ಲ."

"ಮಾತಾಡ್ತಾ ಇರೋಳೇ ಅವ್ಳು ಕಣೋ."

ಹಿಂದಿನಿಂದ ಯಾರೋ ಶ್‌ ಅಂದರು.

ಮೊದಲು ಹೊಳೆದದ್ದು ಇವರು ಮೋಸ ಮಾಡಿದರು ಎಂದಲ್ಲ. ನಾನು ಮರೆತುಬಿಟ್ಟೆ ಎಂದು. ಇದೇ ಅವಳ ದನಿ ಇರಬೇಕು, ಕಟ್ಟಿಕೊಂಡವನಿಗೇ ಗುರುತು ಸಿಗದಷ್ಟು ಮರೆತಿದ್ದೇನೆ. ಕತ್ತು ಚಾಚಿ ಕೇಳಿದೆ. ಬಾಯಿ ಅರ್ಧ ತೆರೆದು ಕೇಳಿದೆ. ಆ ದನಿಯನ್ನು ಅವಳ ಗಲ್ಲಕ್ಕೆ, ಸುಟ್ಟ ಕಲೆಗೆ, ಒರಟು ಕೂದಲಿಗೆ ಹೊಂದಿಸಲು ನೋಡಿದೆ. ಮತ್ತೆ ಸಾಮೀ ಎಂದಿತು ದನಿ. ಸ್ವಚ್ಛವಾಗಿ ಎಂದಿತು.

ಈಶ್ವರಮ್ಮನಿಗೆ ಮುಂದಿನ ಒಂದು ಹಲ್ಲು ಇರಲಿಲ್ಲ. ಸಂಪಂಗಿಯ ತಮ್ಮ ಮುರಿದದ್ದು. ಸಾಮಿ ಅಂದಾಗಲೆಲ್ಲ ಆ ಸಂದಿಯಿಂದ ಗಾಳಿ ಸಿಳ್ಳೆ ಹೊಡೆಯುತ್ತಿತ್ತು. ಕಾಂಪ್ಲೆಕ್ಸಿನಲ್ಲಿ ಕಾಲೇಜು ಹುಡುಗರು ಅದನ್ನು ಅಣಕಿಸಿ ಹೋಗುತ್ತಿದ್ದರು.

ಇವಳಿಗೆ ಹಲ್ಲು ಪೂರ್ತಿ ಇದ್ದವು.

ಆಮೇಲೆ ಮಳೆ ಬಂತು. ಆ ಹೆಂಗಸು ಕೂಗಿದಳು: ಕರುಪ್ಪಾ, ಎಂಗೆ ಪೋಯಿಟ್ಟೆ ಕರುಪ್ಪಾ. ಎಲ್ಲಿ ಹೋದೆ ಎಂದು ಯಾವನೋ ಕರುಪ್ಪನನ್ನು ಕೂಗಿದಳು. ಹಾಲಿನ ತುಂಬ ಮೂಗು ಸೀಟುವ ಸದ್ದು. ನನ್ನ ಮುಂದೆ ಒಬ್ಬರು, ಪಕ್ಕದ ಸಾಲಿನಲ್ಲಿ ಇಬ್ಬರು. ಅಲ್ಲಿದ್ದವರೆಲ್ಲರಿಗೂ ನನ್ನ ಹೆಂಡತಿ ಸಿಕ್ಕಿದ್ದಳು.

*

ದೀಪ ಹಾಕಿದ್ದು ಚಪ್ಪಾಳೆಯಿಂದ ಗೊತ್ತಾಯಿತು. ನನ್ನನ್ನು ವೇದಿಕೆಗೆ ಹತ್ತಿಸಿದರು. ಹೆಗಲಿಗೆ ಶಾಲು ಬಿತ್ತು, ತಲೆಗೆ ಮೈಸೂರು ಪೇಟ ಕೂತಿತು. ಡೈರೆಕ್ಟರ್‌ ನನ್ನನ್ನು ಅಪ್ಪಿಕೊಂಡ. ಒದ್ದೆ ಕೆನ್ನೆ ತಗಲಿತು. ಅವನು ತಮಿಳಿನಲ್ಲಿ ಮಾತಾಡಿದ್ದನ್ನು ಭಾರ್ಗವ ಎನ್ನುವ ಹುಡುಗ ಮೈಕಿನಲ್ಲಿ ಕನ್ನಡಕ್ಕೆ ತಿರುಗಿಸಿದ: ಈಶ್ವರಮ್ಮ ಅಭಿನಯಿಸಲಿಲ್ಲ, ಬದುಕಿದರು, ಅವರ ಮುಖವನ್ನು ಜಗತ್ತು ಮರೆಯುವುದಿಲ್ಲ. ನನಗೆ ತಮಿಳು ಬರುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ. ಆಮೇಲೆ ಸೀತಾಲಕ್ಷ್ಮಿ ಮೇಡಂ ಮೈಕನ್ನು ನನ್ನ ಬಾಯಿಯ ಹತ್ತಿರ ತಂದು, ಎರಡು ಮಾತು, ಏನನ್ನಿಸಿತೋ ಅದು, ಅಂದರು.

ಹಿಂದಿನಿಂದ ಸಂಪಂಗಿ ಸೊಂಟಕ್ಕೆ ತಿವಿದ. ಥ್ಯಾಂಕ್ಸ್‌ ಹೇಳಿ ಕೈ ಮುಗಿಲಾ.

"ಅವ್ಳ ದನಿ ಎಲ್ಲೋಯ್ತು?" ಅಂದೆ.

ಮೈಕಿನಲ್ಲಿ ಅದು ದೊಡ್ಡದಾಗಿ ಕೇಳಿ ನನಗೇ ಗಾಬರಿಯಾಯಿತು. ಭಾರ್ಗವ ತಡವರಿಸಿದ. ಡೈರೆಕ್ಟರ್‌ ಮೆಲ್ಲಗೆ ವಿವರಿಸಿದ. ಊರಿನ ಗದ್ದಲ, ಟ್ಯಾಂಕರಿನ ಸದ್ದು. ಅವರ ತಮಿಳಿನಲ್ಲಿ ಕನ್ನಡ ಬಹಳ ಸೇರಿತ್ತು, ಕಥೆ ಮಧುರೆಯದು, ಅಲ್ಲಿನ ಭಿಕ್ಷುಕಿ ಹಾಗೆ ಮಾತಾಡುವುದಿಲ್ಲ, ಜನ ನಂಬುವುದಿಲ್ಲ. ಅದಕ್ಕೆ ಡಬ್ಬಿಂಗು.

"ಅವ್ಳು ಆಡಿದ್ದು ಎಲ್ಲೈತೆ? ಪಿಳ್ಳಾ ಅಂತ ಕೂಗಿದ್ಳಲ್ಲ ಸಾಮಿ. ಅದು."

ಡೈರೆಕ್ಟರನ ಪಕ್ಕದಲ್ಲಿದ್ದವನ್ಯಾರೋ ಇಂಗ್ಲಿಷಿನಲ್ಲಿ ಏನೋ ಹೇಳಿದ. ಭಾರ್ಗವ ಮೈಕನ್ನು ದೂರ ಸರಿಸಿ, ನನಗೆ ಮಾತ್ರ ಕೇಳುವಂತೆ, ಅದನ್ನು ಇಟ್ಟುಕೊಂಡಿಲ್ಲವಂತೆ ಅಂದ. ಕೆಲಸ ಮುಗಿದ ಮೇಲೆ ಅಳಿಸಿಹಾಕುತ್ತಾರಂತೆ, ಜಾಗ ಸಾಲದು ಎಂದು.

"ಒಂದು ಮಾತೂ ಇಲ್ವಾ?"

"ಇಲ್ವಂತೆ ಅಂಕಲ್‌."

ಪೇಟ ಜಾರಿ ಕಿವಿಯ ಮೇಲೆ ಬಂತು. ಸರಿ ಮಾಡಿಕೊಳ್ಳಲಿಲ್ಲ. ಸಾಕು, ಇಳಿಸಿ ಎಂದು ಕೇಳುವ ಹೊತ್ತಿಗೆ ಕೆಳಗಿನಿಂದ ಹೆಜ್ಜೆ ಹತ್ತಿ ಬಂದವು, ಗೆಜ್ಜೆಯಿಲ್ಲದ, ಮೆತ್ತನೆ ಚಪ್ಪಲಿಯ ಹೆಜ್ಜೆ. ನನ್ನ ಕೈಯನ್ನು ಒಂದು ಸಣ್ಣ ಕೈ ಹಿಡಿದುಕೊಂಡಿತು. ಬೆವರಿತ್ತು. ಕೋಲಿನ ತುದಿಯನ್ನಲ್ಲ, ಕೈಯನ್ನೇ ಹಿಡಿದಿತ್ತು.

"ಅಣ್ಣಾ, ನಾನೇ ವಾಯ್ಸ್‌ ಕೊಟ್ಟಿದ್ದು," ಅಂದಳು. ಕನ್ನಡ ಬರುತ್ತಿತ್ತು ಅವಳಿಗೆ. ನಮ್ಮ ಸೀರಿಯಲ್ಲುಗಳಿಗೂ ಡಬ್ಬಿಂಗ್‌ ಮಾಡುತ್ತಾಳಂತೆ. ಅಳಿಸುವ ಮುಂಚೆ ಈಶ್ವರಮ್ಮನ ದನಿಯನ್ನು ಕಿವಿಗೆ ಹಾಕಿಕೊಂಡು ಮಲಗುತ್ತಿದ್ದೆ, ಕೂತಲ್ಲಿ ನಿಂತಲ್ಲಿ ಅದನ್ನೇ ಕೇಳಿ ಕಲಿತೆ, ಆಮೇಲೆ ಇವರು ಅಷ್ಟೆಲ್ಲ ಬೇಡ, ನೀಟಾಗಿ ಮಾಡು ಅಂದರು, ಎಂದಳು. "ಪಿಳ್ಳಾ ಅನ್ನೋದು ನಂಗೆ ಹಂಗೇ ಬರುತ್ತೆ ಅಣ್ಣ. ಆ ಸಿಳ್ಳೆನೂ ಬರುತ್ತೆ. ನಿಮಗೋಸ್ಕರ ಒಂದ್ಸಲ ಕರೀಲಾ?"

ಸುಳ್ಳು ಹೇಳುವವಳಿಗೆ ಆ ಸಿಳ್ಳೆ ಗೊತ್ತಿರುವುದಿಲ್ಲ. ಈಶ್ವರಮ್ಮನ ದನಿ ಈ ಭೂಮಿಯ ಮೇಲೆ ಎಲ್ಲಾದರೂ ಉಳಿದಿದ್ದರೆ ಈ ಹುಡುಗಿಯ ಗಂಟಲಲ್ಲಿ ಉಳಿದಿತ್ತು, ನನ್ನಿಂದ ಒಂದು ಗೇಣು ದೂರ.

ಸೀತಾಲಕ್ಷ್ಮಿ ಮೇಡಂ ಮೈಕಿನಲ್ಲಿ, ಗದ್ಗದವಾಗಿ, ದಯವಿಟ್ಟು ಎಲ್ಲರೂ ಒಂದು ನಿಮಿಷ ಮೌನವಾಗಿರಿ ಅಂದರು. ಮೌನದೊಳಗೆ ಅಲ್ಲಿ ಇಲ್ಲಿ ಟುಣ್‌ ಟುಣ್‌ ಎಂದು ಫೋನುಗಳು ರೆಕಾರ್ಡಿಂಗಿಗೆ ತಿರುಗಿದವು. ಡೈರೆಕ್ಟರ್‌ ತಮಿಳಿನಲ್ಲಿ ಪಿಸುಗುಟ್ಟಿದ: ಅವನ ಮುಖ ಈ ಕಡೆ ತಿರುಗಿಸಿ.

ಯಾರೋ ಗಲ್ಲ ಹಿಡಿದು ನನ್ನ ಮುಖವನ್ನು ತಿರುಗಿಸಿದರು.

ನನ್ನ ಮೈಯೆಲ್ಲ ಕಿವಿಯಾಗಿತ್ತು. ಹೂಂ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಇವಳು ಕರೆದರೆ ಚೆನ್ನಾಗಿಯೇ ಕರೆಯುತ್ತಾಳೆ. ನಾನು ಓ ಎಂದು ಓಗೊಟ್ಟೇ ಬಿಡುತ್ತೇನೆ. ನಾಳೆ ನಾಲ್ಕನೇ ಬ್ಲಾಕಿನಲ್ಲಿ ರಸ್ತೆ ದಾಟುವಾಗ ಕಿವಿಯೊಳಗೆ ಎಡಕ್ಕೆ ತಿರುಗ್ಸು ಎನ್ನುವವಳು ಇವಳೇ ಆಗಿರುತ್ತಾಳೆ. ಸಾಯುವ ತನಕ.

ಅವಳು ಉಸಿರೆಳೆದುಕೊಂಡಳು. ಈಶ್ವರಮ್ಮ ಬೈಯುವ ಮುಂಚೆ ಎಳೆದುಕೊಳ್ಳುತ್ತಿದ್ದ ಹಾಗೆಯೇ, ಮೂಗಿನಿಂದ, ಅರ್ಧಕ್ಕೆ ತಡೆದು.

ನನ್ನ ಕೈ ಹೋಗಿ ಅವಳ ಬಾಯಿ ಮುಚ್ಚಿತು.

ಹಾಲಿನಲ್ಲಿ ಕುರ್ಚಿಗಳು ಸರಿದವು. ಏಯ್‌ ಏಯ್‌ ಎಂದ ಯಾವನೋ. ಸಂಪಂಗಿ ಹಿಂದಿನಿಂದ ನನ್ನ ಕತ್ತಿನ ಪಟ್ಟಿ ಹಿಡಿದು ಜಗ್ಗಿದ. "ಕೈ ತೆಗೀಲಾ ಸೂಳೆಮಗನೆ, ಹೆಣ್ಮಗು ಅದು." ಡ್ಯೂಟಿ ಅಂಗಿ ಪರ್ರನೆ ಹರಿಯಿತು. ನಾನು ಕೈ ತೆಗೆಯಲಿಲ್ಲ. ಆ ಹುಡುಗಿಯೂ ಬಿಡಿಸಿಕೊಳ್ಳಲಿಲ್ಲ. ಅವಳ ಕಣ್ಣೀರು ನನ್ನ ಬೆರಳ ಗೆಣ್ಣಿಗೆ ಇಳಿಯಿತು. ಅಂಗೈಯ ಕೆಳಗೆ ತುಟಿ ಅಲುಗಿ, ತನ್ನದೇ ಸಣ್ಣ ದನಿಯಲ್ಲಿ, ಒಂದೇ ಸಲ ಅಣ್ಣಾ, ಎಂದು ಕೇಳಿತು.

"ಬ್ಯಾಡ," ಅಂದೆ.