ನನ್ನ ಹೆಸರಿನ ನಾಲ್ಕು ಗಾಂಜಾ ಗಿಡ

ಉಮಾನಾಥ ಅಂಕಲ್ ಗಾಂಜಾ ಸೇದುವವರಲ್ಲ. ಸೇದುತ್ತಿದ್ದರೆ ಅವರ ಮೇಲೆ ನನಗೆ ಅಷ್ಟಿಷ್ಟು ಗೌರವವಾದರೂ ಉಳಿಯುತ್ತಿತ್ತು. ಅವರು ಅದನ್ನು ಬೆಳೆಸಿದ್ದು ಜಂಬ ಕೊಚ್ಚಿಕೊಳ್ಳಲಿಕ್ಕೆ. ಕೆನಡಾದಲ್ಲಿ ಗಾಂಜಾ ಕಾನೂನುಬದ್ಧವಾದ ಮರುವರ್ಷ, ೨೦೧೯ರಲ್ಲಿ, ವಿಟ್ಬಿ ಎಂಬ ಊರಿನ ನಮ್ಮ ಬೀದಿಯವರೆಲ್ಲ ಹಿತ್ತಿಲಲ್ಲಿ ಟೊಮೆಟೊ ನೆಟ್ಟರೆ ಇವರು ಗಾಂಜಾ ನೆಟ್ಟರು. ನಾನು ಅವರ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೆ. ತಿಪಟೂರಿನಿಂದ ಓದಲು ಬಂದವಳು, ಕೋರ್ಸಿನ ಕೊನೆಯ ವರ್ಷ.

ಬೀಜದ ಅಂಗಡಿಯಾಕೆ ಮೊದಲೇ ಎಚ್ಚರಿಸಿದ್ದಳಂತೆ. ಈ ಸಟೈವಾ ತಳಿ ಬಿಸಿನಾಡಿನದು, ಹೂ ಬಲಿಯಲು ತಿಂಗಳುಗಟ್ಟಲೆ ಬೇಕು, ಅಷ್ಟರಲ್ಲಿ ಇಲ್ಲಿ ಚಳಿ, ಮಳೆ, ಪಕ್ಕದ ಲೇಕಿನ ಮಂಜು ಎಲ್ಲ ಬಂದಿರುತ್ತದೆ, ಬೇಗ ಮುಗಿಯುವ ಗಿಡ್ಡ ತಳಿ ಒಯ್ಯಿರಿ ಎಂದಿದ್ದಳು. ಅಂಕಲ್ ಮನೆಗೆ ಬಂದು ಅದನ್ನೇ ನಗೆಚಾಟಿಕೆ ಮಾಡಿದರು.

"ಗಿಡ್ಡದ್ದು ಸೇದಿದ್ರೆ ಮಲಗಿ ಗೊರಕೆ ಹೊಡೀಬೇಕಷ್ಟೆ. ಸಟೈವಾ ಅಂದ್ರೆ ತಲೆ ಓಡ್ತದೆ, ಗೊತ್ತುಂಟಾ? ನಾನು ಸುಳ್ಯದ ಕೃಷಿಕರ ಮನೆಯವ. ನನಗೆ ಅವಳು ಪಾಠ ಮಾಡುವುದಾ?"

ಈ ಕೃಷಿಕರು ಮೂರನೇ ಕ್ಲಾಸಿಗೇ ಸುಳ್ಯ ಬಿಟ್ಟು ಮುಂಬಯಿ ಸೇರಿದವರು. ಆಮೇಲೆ ಜೀವಮಾನವಿಡೀ ಇನ್ಶೂರೆನ್ಸ್ ಆಫೀಸಿನಲ್ಲಿ ಕೂತವರು. ಮಣ್ಣು ಮುಟ್ಟಬೇಕಾದರೆ ಗ್ಲೌಸ್ ಹುಡುಕುತ್ತಿದ್ದರು.

ಒಂದು ಮನೆಗೆ ನಾಲ್ಕೇ ಗಿಡ ಎಂಬುದು ಇಲ್ಲಿನ ಕಾನೂನು. ಅಂಕಲ್ ಎಂಟು ನೆಟ್ಟರು. ನಾನು ಲಾಂಡ್ರಿ ಬುಟ್ಟಿ ಹೊತ್ತು ಮೆಟ್ಟಿಲು ಹತ್ತುತ್ತಿದ್ದಾಗ ತಡೆದು ನಿಲ್ಲಿಸಿ, ಬೇಸ್‌ಮೆಂಟಿಗೆ ಬೇರೆ ಬಾಗಿಲು, ಬೇರೆ ಕಿಚನ್ನು ಇರುವುದರಿಂದ ಅದು ಬೇರೆ ಮನೆ, ಬೇಲಿ ಬದಿಯ ನಾಲ್ಕು ನಿನ್ನ ಲೆಕ್ಕ ಎಂದರು. ಕೇಳಿದ್ದಲ್ಲ, ತಿಳಿಸಿದ್ದು.

"ಅಂಕಲ್, ಪ್ಲೀಸ್, ನನ್ನ ಹೆಸರು ತರಬೇಡಿ. ಕೋರ್ಸ್ ಮುಗಿದ ತಕ್ಷಣ ನಾನು ವರ್ಕ್ ಪರ್ಮಿಟ್‌ಗೆ ಅಪ್ಲೈ ಮಾಡ್ಬೇಕು."

"ನಿನ್ನ ಪರ್ಮಿಟ್ಟಿಗೆ ಎಂತ ಆಗ್ತದೆ? ಲೀಗಲ್ ಮಾರಾಯ್ತಿ ಇದು, ಲೀಗಲ್."

ಹೋದ ಚಳಿಗಾಲದಲ್ಲಿ ಕೆಳಗೆ ಹೀಟು ಸಾಲದು, ಕೈಕಾಲು ಮರಗಟ್ಟುತ್ತಿದೆ ಎಂದು ನಾನು ಹೇಳಿದಾಗ ಇದೇ ಬಾಯಿ ಬೇರೆ ರಾಗ ಹಾಡಿತ್ತು. "ಒಂದೇ ಮನೆ, ಒಂದೇ ಥರ್ಮೋಸ್ಟಾಟು, ಅಡ್ಜಸ್ಟ್ ಮಾಡ್ಬೇಕು." ನನಗೆ ಚಳಿಯಾದಾಗ ಒಂದೇ ಮನೆ, ಅವರಿಗೆ ಗಾಂಜಾ ಬೇಕಾದಾಗ ಎರಡು ಮನೆ. ಅಲ್ಲೇ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಕ್ಷಮಾ ಆಂಟಿಯ ಮುಖ ನೋಡಿದೆ. "ಅವರು ಎಲ್ಲ ಓದಿಯೇ ಹೇಳುವುದು," ಎಂದು ಆಕೆ ಒಳಗೆ ಹೋದರು.

ಮಾರನೆಯ ದಿನ ನೋಡಿದರೆ ಬೇಲಿ ಬದಿಯ ನಾಲ್ಕೂ ಗಿಡಗಳ ಪಕ್ಕ ಗೂಟ ಹೊಡೆದು, ಒಂದೊಂದಕ್ಕೂ ಲ್ಯಾಮಿನೇಟ್ ಮಾಡಿದ ಚೀಟಿ ತೂಗಿಬಿಟ್ಟಿದ್ದರು: ಹೇಮಶ್ರೀ, ಬೇಸ್‌ಮೆಂಟ್ ಯುನಿಟ್. ಕಿತ್ತು ಬಿಸಾಡಿದೆ. ಮತ್ತೆ ಹಾಕಿದರು, ಈ ಸಲ ತಂತಿ ಬಿಗಿದು. ನನ್ನ ಮುಂದೆ ಎರಡೇ ದಾರಿ, ಮನೆ ಬಿಡುವುದು ಅಥವಾ ಬಾಯಿ ಮುಚ್ಚಿಕೊಂಡಿರುವುದು. ಕಾಲೇಜಿಗೆ ಬಸ್ಸು ಸಿಗುವ ಕಡೆ ಬೇರೆ ರೂಮೆಲ್ಲೂ ಸಿಗಲಿಲ್ಲ. ಪೊಲೀಸರ ಯಾವುದಾದರೂ ಕಡತದಲ್ಲಿ ಗಾಂಜಾದ ಪಕ್ಕ ನನ್ನ ಹೆಸರು ಸೇರಿ, ಪರ್ಮಿಟ್ಟು ಕೈತಪ್ಪಿ, ಗಂಟುಮೂಟೆ ಕಟ್ಟಿಕೊಂಡು ತಿಪಟೂರಿಗೆ ಹೋಗಿ ಇಳಿಯುವುದನ್ನು ನೆನೆದರೆ ಊಟ ಸೇರುತ್ತಿರಲಿಲ್ಲ.

ಗಿಡಗಳು ಬೇಲಿ ದಾಟಿ ಬೆಳೆದವು. ಸೆಪ್ಟೆಂಬರ್ ಮುಗಿಯುತ್ತ ಬಂದರೂ ಹೂ ಎಳಸೇ. ಅಷ್ಟರಲ್ಲಿ ಜಡಿಮಳೆ ಹಿಡಿಯಿತು. ಆಗ ಅಂಕಲ್‌ಗೆ ಅಜ್ಜನ ತೋಟ ನೆನಪಾಯಿತು. ಅಡಿಕೆ ಕೊಳೆಯದಿರಲಿ ಎಂದು ಮಳೆಗಾಲದಲ್ಲಿ ಗೊನೆಗಳಿಗೆ ಕೊಟ್ಟೆ ಕಟ್ಟುತ್ತಾರಲ್ಲ, ಗೊನೆ ಮುಚ್ಚುವ ಹೊದಿಕೆ, ಅದನ್ನು ಇವರು ಚಿಕ್ಕಂದಿನಲ್ಲಿ ಜಗಲಿಯ ಮೇಲೆ ಕೂತು ನೋಡಿದ್ದರಂತೆ. ಅಷ್ಟು ಸಾಕಾಯಿತು. ಮನೆಯಲ್ಲಿದ್ದ ಡ್ರೈಕ್ಲೀನಿಂಗ್ ಕವರುಗಳನ್ನೆಲ್ಲ ತಂದು, ತಮ್ಮ ಲೆಕ್ಕದ ನಾಲ್ಕು ಗಿಡಗಳ ಪ್ರತಿ ಹೂಗೊಂಚಲಿಗೂ ತೊಡಿಸಿ, ಕೆಳಗೆ ಗಾಳಿಯಾಡದಂತೆ ಸುತಳಿ ಬಿಗಿದರು. ಕೊಟ್ಟೆಯ ಬಾಯಿ ಕೆಳಗೆ ತೆರೆದಿರುತ್ತದೆ ಎಂಬುದು ಜಗಲಿಯಿಂದ ಕಂಡಿರಲಿಲ್ಲವೋ ಏನೋ. ಬೇಲಿ ಬದಿಗೆ ಬರುವಷ್ಟರಲ್ಲಿ ಕವರು ಮುಗಿದವು.

"ಇದು ಯಾವ ಗೂಗಲಲ್ಲೂ ಸಿಗ್ಲಿಕ್ಕಿಲ್ಲ," ಎಂದರು. ಸಿಗುವುದಿಲ್ಲ, ನಿಜ. ಅಂಥ ಕೆಲಸ ಇನ್ಯಾರೂ ಮಾಡಿರಲಿಕ್ಕಿಲ್ಲ.

ವಾರದೊಳಗೆ ಕವರುಗಳ ಒಳಗೆ ನೀರು ಹನಿಯತೊಡಗಿತು. ಆಮೇಲೆ ಹೂವಿನ ಮೇಲೆ ಬೂದು ಬಣ್ಣದ ಬೂಸಲು. ಮುಟ್ಟಿದರೆ ಹಳೆಯ ಬಾಳೆಹಣ್ಣಿನಂತೆ ಪಿಚಕ್ಕನೆ ಜಾರುತ್ತಿತ್ತು. ಈ ತಳಿಯ ಹೂಗೊಂಚಲು ಸಡಿಲ, ಗಾಳಿಯಾಡಿದರೆ ಎಷ್ಟೋ ತೇವ ತಾನೇ ಆರುತ್ತದೆ. ಹಾಗಾಗಿ ಯಾರೂ ಉಪಚಾರ ಮಾಡದ ಬೇಲಿ ಬದಿಯ ನಾಲ್ಕು ಗಿಡ ನಳನಳಿಸುತ್ತಿದ್ದವು. ಅಂಕಲ್ ಒಂದು ಕವರನ್ನೂ ಬಿಚ್ಚಲಿಲ್ಲ. "ಒಳಗೆ ಬಲೀತಾ ಉಂಟು," ಎನ್ನುತ್ತಿದ್ದರು. ತಪ್ಪಾಯಿತು ಎನ್ನುವುದಕ್ಕಿಂತ ಇಡೀ ಬೆಳೆ ಕೊಳೆಯುವುದೇ ಮೇಲು, ಅಂಥ ಆಸಾಮಿ. ದಿನ ಬೆಳಗಾದರೆ ಬೇಲಿ ಬದಿಯ ಗಿಡಗಳ ಫೋಟೋ ಹೊಡೆದು ಗೆಳೆಯರ ವಾಟ್ಸಾಪ್ ಗ್ರೂಪಿಗೆ ಹಾಕುವುದನ್ನಂತೂ ಬಿಡಲಿಲ್ಲ.

ಅಕ್ಟೋಬರಿನ ಒಂದು ಭಾನುವಾರ ಮಧ್ಯಾಹ್ನ ಓಕ್‌ವಿಲ್‌ನಿಂದ ಸದಾಶಿವ ಎಂಬ ಗೆಳೆಯರನ್ನು ಊಟಕ್ಕೆ ಕರೆದಿದ್ದರು. ಊಟ ನೆಪ, ಗಿಡ ತೋರಿಸುವುದು ಮುಖ್ಯ. ಉದ್ದ ಹಿಡಿಯ ಕತ್ತರಿಯನ್ನು ಬೆತ್ತದಂತೆ ಹಿಡಿದುಕೊಂಡು, "ಇವು ಇನ್ನೆರಡು ವಾರ ಬಲಿಯಬೇಕು. ಈಗ ಕಡಿದ್ರೆ ಬರೀ ಹುಲ್ಲು," ಎಂದು ಬೇಲಿ ಬದಿ ನಿಂತು ವಿವರಿಸುತ್ತಿದ್ದರು. ಆಗಲೇ ಪಕ್ಕದ ಗೇಟಿನಿಂದ ಪೊಲೀಸ್ ಹೆಂಗಸೊಬ್ಬಳು ಒಳಗೆ ಬಂದಳು. ವಾಸನೆ ತಡೆಯಲಾರದೆ ಯಾರೋ ದೂರು ಕೊಟ್ಟಿದ್ದರು. ಆಕೆ ಗಿಡ ಎಣಿಸಿ, ಒಂದು ಮನೆಗೆ ನಾಲ್ಕಲ್ಲವೇ ಎಂದು ಕೇಳಿದಳು.

ಅಂಕಲ್‌ರ ಇಂಗ್ಲಿಷ್ ಆ ದಿನ ಬೆಣ್ಣೆಯಂತಿತ್ತು. ಬೇಲಿ ಬದಿಯವು ತಮ್ಮವಲ್ಲ, ಬೇರೆ ಯುನಿಟ್ಟಿನ ಬಾಡಿಗೆಯವಳದು, ಬೋರ್ಡೇ ಇದೆ ನೋಡಿ ಎಂದರು. ಅಷ್ಟಕ್ಕೇ ಬಿಡದೆ ನನ್ನ ಬಾಗಿಲು ಬಡಿದು ಹೊರಗೆ ಕರೆದರು. ಜಗತ್ತಿನ ಎಲ್ಲ ಗೂಬೆಗಳನ್ನೂ ನನ್ನ ತಲೆಯ ಮೇಲೆ ಕೂರಿಸಿ, ಸಂಭಾವಿತನಂತೆ ಪಕ್ಕಕ್ಕೆ ಸರಿದು ನಿಂತರು. ಸದಾಶಿವರು ಹಲ್ಲು ಕಚ್ಚಿ ನಗು ತಡೆಯುತ್ತಿದ್ದರು.

ಇವು ನಿನ್ನವೇ ಎಂದು ಆಕೆ ಕೇಳಿದಳು. ಅಲ್ಲವೆಂದರೆ ಅಂಕಲ್ ಮೇಲೆ ಕೇಸು, ನಾನು ಸಾಕ್ಷಿ, ಹೇಳಿಕೆಯ ಕೆಳಗೆ ನನ್ನ ಸಹಿ. ಹೌದೆಂದರೆ ನಾಲ್ಕು ಗಾಂಜಾ ಗಿಡಕ್ಕೆ ನಾನೇ ಒಡತಿ. ಎರಡರಲ್ಲೂ ನನ್ನ ಹೆಸರು ಕಾಗದಕ್ಕೆ ಏರುತ್ತದೆ. ನಾನು ಕೇಳಿದೆ: ಇವು ನನ್ನವಾದರೆ, ಈಗಲೇ ಕಡಿದು ಹಾಕಿದರೆ ಏನಾಗುತ್ತದೆ?

ಆಕೆ ಹುಬ್ಬೇರಿಸಿದಳು. ಏನೂ ಆಗುವುದಿಲ್ಲ, ಆಗ ಹಿತ್ತಿಲಲ್ಲಿ ನಾಲ್ಕೇ ಉಳಿಯುತ್ತವೆ, ಯಾರ ಹೆಸರನ್ನೂ ಬರೆದುಕೊಳ್ಳುವ ಅಗತ್ಯವೇ ತನಗಿಲ್ಲ ಎಂದಳು.

ನಾನು ಅಂಕಲ್‌ರ ಕೈಯಿಂದ ಕತ್ತರಿ ತೆಗೆದುಕೊಂಡೆ. ಮೊದಲನೆಯ ಗಿಡವನ್ನು ಬುಡದಲ್ಲೇ ಕತ್ತರಿಸಿದೆ. ಅದು ಬೇಲಿಗೆ ಒರಗಿ ನಿಧಾನ ಕುಸಿಯಿತು. ಎರಡನೆಯದನ್ನು ಕತ್ತರಿಸಿದೆ. ಮೂರನೆಯದಕ್ಕೆ ಬಗ್ಗಿದಾಗ ಅಂಕಲ್ ಹತ್ತಿರ ಬಂದು, ಪೊಲೀಸಿನವಳಿಗೆ ತಿಳಿಯದಿರಲೆಂದು ಕನ್ನಡದಲ್ಲೇ ಪಿಸುಗುಟ್ಟಿದರು.

"ಬೇಡ ಮಾರಾಯ್ತಿ, ಕಡಿಬೇಡ. ಆ ಕವರಿನವೆಲ್ಲ ಕೊಳೆತು ಹೋಗಿದೆ, ನಂಗೆ ಗೊತ್ತುಂಟು. ಇದೆರಡೇ ಉಳಿದದ್ದು. ಇದು ನನ್ನದು."

"ಅದನ್ನೇ ಅವರಿಗೆ ಇಂಗ್ಲಿಷಲ್ಲಿ ಹೇಳಿ, ಅಂಕಲ್," ಎಂದೆ.

ಅವರು ಪೊಲೀಸಿನವಳ ಕಡೆ ಒಮ್ಮೆ ನೋಡಿ, ಹಿಂದಕ್ಕೆ ಸರಿದರು. ನಾನು ನಾಲ್ಕನ್ನೂ ಕಡಿದೆ.