ಎದುರು ಕುರ್ಚಿಯ ಶೀನ

"ಹ್ವಾಯ್, ಅದನ್ನ ಒಂಚೂರ್ ಬದಿಗ್ ಸರ್ಸಿ ಮಾರಾಯ್ರೆ! ಹೆಣ ಹೊರಗ್ ತೆಗುಕೆ ಜಾಗ ಇಲ್ಲ," ಎಂದು ಕಿಟ್ಟಣ್ಣ ಚಾವಡಿಯಿಂದಲೇ ಕೂಗಿದ.

ನಡುಮನೆಯ ಬಾಗಿಲಿಗೆ ಒತ್ತಿಕೊಂಡು ಆಳೆತ್ತರದ ಪಿಟೀಲು ನಿಂತಿತ್ತು. ಕೇರಿಯವರು ಅದನ್ನು ದೊಡ್ಡ ಪಿಟೀಲು ಎನ್ನುತ್ತಿದ್ದರು; ಸತ್ತು ಮಲಗಿದ್ದ ಶೀನ ಮಾತ್ರ ಬಾಸ್ ಎನ್ನುತ್ತಿದ್ದ. ಇಬ್ಬರು ಗಂಡಸರು ಅದರ ಕುತ್ತಿಗೆಗೆ ಕೈ ಹಾಕಿದರು. ಒಳಗೆ ಎಲ್ಲೋ ಒಂದು ತಂತಿ ಗುಂಯ್ ಎಂದಿತು. ಅಳುತ್ತಿದ್ದ ಹೆಂಗಸರು ತಟ್ಟನೆ ಸುಮ್ಮನಾದರು.

"ಕುತ್ತಿಗಿ ಹಿಡುದಲ್ಲ. ಸೊಂಟ ಹಿಡ್ಕಣಿ," ಎಂದಳು ರಾಜೀವಿ.

ಗಂಡ ಹೋದ ಮೇಲೆ ಅವಳು ಆಡಿದ ಮೊದಲ ಮಾತು ಅದು. ಹೆಣದ ತಲೆಯ ಬಳಿ ಕುಳಿತಿದ್ದವಳು ಎದ್ದು ಬಂದು, ಅವರ ಕೈಗಳನ್ನು ಬಿಡಿಸಿ, ಹೇಗೆ ಹಿಡಿಯಬೇಕೆಂದು ತೋರಿಸಿದಳು. ಬಾಸನ್ನು ಒಳಗಿನ ಗೋಡೆಗೆ ಒರಗಿಸಿದ ಮೇಲೆ ಮತ್ತೆ ಬಂದು ಮೊದಲಿನ ಜಾಗದಲ್ಲೇ ಕುಳಿತಳು.

"ಕಣ್ಣಂಗೆ ಒಂದ್ ಹನಿ ನೀರಿಲ್ಲ ಅವ್ಳಿಗೆ," ಎಂದು ಬಾಗಿಲ ಬಳಿ ಯಾರೋ ಪಿಸುಗುಟ್ಟಿದರು.

"ಅತ್ತ್ ಅತ್ತ್ ಒಣಗಿಪ್ಕ್ ಸಾಕ್," ಎಂದಳು ಪಕ್ಕದ ಮನೆಯ ಬೆಳ್ಳಕ್ಕ. "ಆ ಮನ್ಶಿನ ಒಟ್ಟಿಗ್ ಬಾಳ್ವೆ ಮಾಡುದಂದ್ರೆ ಸುಮ್ನೆಯಾ?"

ಅಷ್ಟರಲ್ಲಿ ಯಡ್ತರೆಯ ಮಣ್ಣುರಸ್ತೆಯಲ್ಲಿ ಧೂಳೆಬ್ಬಿಸಿಕೊಂಡು ಬಂದ ಬಾಡಿಗೆ ಕಾರೊಂದು ತೆಂಗಿನಮರದ ಬುಡದಲ್ಲಿ ನಿಂತಿತು. ಕಿವಿ ಮುಚ್ಚುವ ಕೂದಲು, ಬಣ್ಣದ ಅಂಗಿ, ಕೈಯಲ್ಲಿ ದೊಡ್ಡ ಹೂವಿನ ಹಾರ. ರಾಜೀವಿಯ ತಮ್ಮ ಪ್ರೇಮಾನಂದ. ಕುಂದಾಪುರದಿಂದ ಬೈಂದೂರಿನವರೆಗೆ ಎಲ್ಲಿ ಮದುವೆಯಾದರೂ, ಎಲ್ಲಿ ಶಾಲೆಯ ವಾರ್ಷಿಕೋತ್ಸವವಾದರೂ ಅವನದೇ ಆರ್ಕೆಸ್ಟ್ರಾ. ಜನ ತಾವಾಗಿ ದಾರಿ ಬಿಟ್ಟರು.

"ಅಕ್ಕಾ," ಎಂದು ಬಿಕ್ಕುತ್ತ ಬಂದವನು ಅವಳ ಕಾಲಿಗೆ ಬಿದ್ದ.

ರಾಜೀವಿ ಕಾಲುಗಳನ್ನು ಸೀರೆಯೊಳಗೆ ಎಳೆದುಕೊಂಡಳು. ಅವನ ಹಣೆ ಬರಿಯ ನೆಲಕ್ಕೆ ತಾಗಿತು.

*

ತಾಯಿ ಸತ್ತಾಗ ಪ್ರೇಮಾನಂದ ಇನ್ನೂ ಮೂಗು ಒರೆಸಿಕೊಳ್ಳಲು ಬಾರದ ಹೈದ. ಮೀನಿನ ಬುಟ್ಟಿ ತಲೆಯ ಮೇಲೆ, ತಮ್ಮ ಸೊಂಟದ ಮೇಲೆ. ಹಾಗೆ ಅವನನ್ನು ಸಾಕಿದವಳು ರಾಜೀವಿ. ಮದುವೆಯಾದ ಮೇಲೂ ಅವನು ಅವಳ ಬೆನ್ನಿಗೇ ಬಂದ.

ಶೀನ ಆಗ ಬೊಂಬಾಯಿಯ ಹೊಟೇಲೊಂದರಲ್ಲಿ ತಟ್ಟೆ ತೊಳೆಯುತ್ತಿದ್ದ. ಸಂಜೆ ಅಲ್ಲಿ ಬ್ಯಾಂಡು ಬಾರಿಸುತ್ತಿತ್ತು. ಬಾಸ್ ಬಾರಿಸುವ ಗೋವೆಯ ಮುದುಕನಿಗೆ ಬೆನ್ನುನೋವು. ಅವನ ವಾದ್ಯವನ್ನು ಮೆಟ್ಟಿಲು ಹತ್ತಿಸಿ ಇಳಿಸುವ ಕೆಲಸ ಶೀನನಿಗೆ ಬಿತ್ತು. ಹೊತ್ತವನಿಗೆ ಮುಟ್ಟುವ ಆಸೆಯಾಯಿತು; ಮುಟ್ಟಿದವನಿಗೆ ಬಿಡಲಾಗಲಿಲ್ಲ. ಮುದುಕ ಊರಿಗೆ ಹೋಗುವಾಗ ವಾದ್ಯವನ್ನೂ ಬ್ಯಾಂಡಿನ ತನ್ನ ಜಾಗವನ್ನೂ ಅವನಿಗೇ ಬಿಟ್ಟುಹೋದ.

ಐವತ್ತಾರರ ಮಳೆಗಾಲಕ್ಕೆ ಶೀನ ಊರಿಗೆ ಬಂದಾಗ ರಾಜೀವಿ ತಮ್ಮನ ಕೈ ಹಿಡಿದು ಅವನ ಮುಂದೆ ನಿಲ್ಲಿಸಿದಳು. "ಇವ ಕಡ್ಲಿಗ್ ಇಳುದ್ ಬೇಡ. ನಿಮ್ಮ ವಿದ್ಯೆ ಇವನಿಗೂ ಕೊಡಿ," ಎಂದಳು.

"ನನ್ನ ವಿದ್ಯೆ ಯಾರಿಗೂ ಕಾಂತಿಲ್ಲ ರಾಜೀವಿ. ಹೆಸ್ರ್ ಬಪ್ಪ ಕೆಲ್ಸ ಅಲ್ಲ ಅದ್."

"ಅಡ್ಡಿಲ್ಲ. ಕಲ್ಸಿ."

ಕಲಿಸಿದ. ಬೊಂಬಾಯಿಯ ಚಾಳಿನಲ್ಲಿ ತನ್ನ ಚಾಪೆಯ ಅರ್ಧ ಕೊಟ್ಟ, ಅನ್ನದ ಅರ್ಧ ಕೊಟ್ಟ. ಕೆಲವು ವರ್ಷದ ಮೇಲೆ ಬ್ಯಾಂಡು ನಿಂತುಹೋದಾಗ, ಭಾವ ಮೈದುನ ಇಬ್ಬರೂ ಲಾರಿಯೊಂದರಲ್ಲಿ ಖಾಲಿ ಮೀನಿನ ಬುಟ್ಟಿಗಳ ನಡುವೆ ಬಾಸನ್ನು ನಿಲ್ಲಿಸಿಕೊಂಡು ಊರು ಸೇರಿದರು. ಕುಂದಾಪುರದಲ್ಲಿ ಕೋಣೆ ಹಿಡಿದು, 'ಶೀನ–ಪ್ರೇಮ ಪಾರ್ಟಿ' ಎಂದು ಹಲಗೆ ಬರೆಸಿದರು. ಶೀನನಿಗೆ ಬಾಸ್, ಪ್ರೇಮಾನಂದನಿಗೆ ಗಿಟಾರು ಮತ್ತು ಮೈಕು.

ಮನೆಯಲ್ಲಿರುವಾಗ ಶೀನನಿಗೆ ಬಾಯಿ ತುಂಬ ಅಭಿಪ್ರಾಯ. ಪ್ರಾಣಿಯ ಕರುಳಿನಿಂದ ಹೊಸೆದ ತಂತಿಯೇ ತಂತಿ, ಉಕ್ಕಿನ ತಂತಿ ಬಟ್ಟೆ ಒಣಗಿಸಲು ಲಾಯಕ್ಕು ಎನ್ನುತ್ತಿದ್ದ. ಹಾರ್ಮೋನಿಯಂ ಎಂದರೆ ಎಮ್ಮೆಯ ಆಕಳಿಕೆ. ರೇಡಿಯೋದಲ್ಲಿ ಹಾಡು ಬಂದಾಗ ಹಾಡುವವರನ್ನು ಹೊಗಳಿದರೆ ಅವನಿಗೆ ಆಗುತ್ತಿರಲಿಲ್ಲ. "ಅವ್ಳ ಸ್ವರ ಬಿಡ್. ಅಡಿಗ್ ಎಂತ ನಡಿತಾ ಇತ್ತ್ ಕೇಣ್," ಎಂದು ರಾಜೀವಿಯನ್ನು ಒಲೆಯ ಮುಂದಿನಿಂದ ಎಬ್ಬಿಸಿಕೊಂಡು ಬರುತ್ತಿದ್ದ. "ದೋಣಿಯ ಅಡಿಮರ ಯಾರಿಗ್ ಕಾಂತ್? ಅದಿಲ್ದೆ ಕಡ್ಲಿಗಿಳಿ ಕಾಂಬ!"

ಅವಳಿಗೆ ಮೊದಮೊದಲು ಏನೂ ಕೇಳಿಸುತ್ತಿರಲಿಲ್ಲ. ಒಂದು ದಿನ ಕೇಳಿಸಿತು. ಆಮೇಲೆ ಬರಿಯ ಹಾಡು ಮಾತ್ರ ಕೇಳಲು ಅವಳಿಗೆ ಆಗಲೇ ಇಲ್ಲ. ಮಳೆಗಾಲದ ಥಂಡಿಗೆ ತಂತಿ ಸಡಿಲಾಗಬಾರದೆಂದು ಬಾಸಿನ ಪಕ್ಕ ಕೆಂಡದ ಮಡಕೆ ಇಡುತ್ತಿದ್ದವಳೂ ಅವಳೇ.

ಅರವತ್ತೇಳರಲ್ಲಿ ಪ್ರೇಮಾನಂದ ಬೊಂಬಾಯಿಗೆ ಹೋಗಿ ಬಾಸಿನ ಕೆಲಸವನ್ನೇ ಮಾಡುವ ಕರೆಂಟಿನ ಬಾಸ್ ಗಿಟಾರು, ಕಪಾಟಿನಂಥ ಆಂಪ್ಲಿಫೈಯರು ತಂದ. ಶೀನ ಅದರ ಸುತ್ತ ಒಂದು ಸುತ್ತು ಬಂದು, "ಕರೆಂಟ್ ಹೋರೆ ಸಂಗೀತವೂ ಹೋಯ್ತ್," ಎಂದ. ಪ್ರೇಮಾನಂದ ನಕ್ಕ.

ಮುಂದಿನ ಕಾರ್ಯಕ್ರಮ ಬೈಂದೂರಿನಲ್ಲಿ. ಶೀನ ಎಂದಿನಂತೆ ವೇದಿಕೆಯ ಹಿಂದಿನ ಸಾಲಿನಲ್ಲಿ ಬಾಸ್ ಹಿಡಿದು ನಿಂತಿದ್ದ. ಪ್ರೇಮಾನಂದ ಮೈಕಿನ ಮುಂದೆ ಬಂದ. "ನಮ್ ಭಾವನ ಪೆಟ್ಟಿಗಿ ಕಂಡ್ರಿಯಾ? ಅದ್ರೊಳಗೆ ಇಲಿ ಮರಿ ಹಾಕೀತ್. ಮರಿ ಎದ್ರೆ ಕಷ್ಟ ಅಂದ್ಹೇಳಿ ಅವ್ರ್ ಮೆಲ್ಲ ಬಾರ್ಸುದ್! ಇವತ್ತಿಂದ ಅವ್ರಿಗ್ ರಜೆ."

ಜನ ಚಪ್ಪಾಳೆ ತಟ್ಟಿ ನಕ್ಕರು. ಹೊಸ ಗಿಟಾರಿನ ಸದ್ದಿಗೆ ಚಪ್ಪರದ ತಗಡು ನಡುಗಿತು. ಶೀನ ವೇದಿಕೆಯ ಮೇಲೆಯೇ ಬಾಸಿಗೆ ಬಟ್ಟೆಯ ಗವಸು ಹಾಕಿದ. ಅದರ ಗುಂಡಿ ಒಂದೊಂದಾಗಿ ಹಾಕುವುದನ್ನು ಕಂಡು ಜನ ಇನ್ನೊಮ್ಮೆ ನಕ್ಕರು. ಹೆಂಗಸರ ಸಾಲಿನಲ್ಲಿ ಕುಳಿತಿದ್ದ ರಾಜೀವಿ ಆ ಗುಂಡಿಗಳನ್ನೇ ಎಣಿಸುತ್ತಿದ್ದಳು.

ಆ ದಿನದ ಮೇಲೆ ಅವನು ಬಾಸ್ ಮುಟ್ಟಲಿಲ್ಲ. 'ನಿನ್ನ ತಮ್ಮ' ಎಂದು ಒಂದು ದಿನವೂ ಅವಳನ್ನು ಚುಚ್ಚಲಿಲ್ಲ. ಒಮ್ಮೆ ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಬೈಯಲಿಲ್ಲವಾದ್ದರಿಂದ ಅವಳೊಳಗಿನ ಕೆಂಡ ಆರಲೇ ಇಲ್ಲ. ತಮ್ಮನನ್ನು ಅವನ ಕೈಗೆ ಹಾಕಿದವಳು ತಾನೇ ಅಲ್ಲವೆ?

ಶೀನನ ಸೇಡು ಬೇರೆಯ ಥರ. ಪ್ರೇಮಾನಂದನ ಕಾರ್ಯಕ್ರಮ ಎಲ್ಲಿದ್ದರೂ ಅವನು ಹೋದ. ಎದುರಿನ ಸಾಲಿನಲ್ಲಿ, ಬಾಸ್ ಗಿಟಾರು ಬಾರಿಸುವವನ ಕಣ್ಣಿಗೆ ನೇರ ಬೀಳುವ ಕುರ್ಚಿಯಲ್ಲಿ ಕುಳಿತ. ಮಾತಿಲ್ಲ, ನಗೆಯಿಲ್ಲ. ಮೊಣಕಾಲಿನ ಮೇಲೆ ಬೆರಳಿಟ್ಟು ತಾನೂ ಬಾರಿಸುತ್ತಿದ್ದ. ವೇದಿಕೆಯ ಮೇಲೆ ಎಲ್ಲಿ ಸ್ವರ ತಪ್ಪಿತೋ ಅಲ್ಲಿ ಅವನ ಬೆರಳು ನಿಲ್ಲುತ್ತಿತ್ತು. ನಿಂತ ಬೆರಳನ್ನು ಎತ್ತದೆ ಪ್ರೇಮಾನಂದನ ಮುಖವನ್ನೇ ನೋಡುತ್ತಿದ್ದ.

ಜನ ಅವನನ್ನು ಎದುರು ಕುರ್ಚಿಯ ಶೀನ ಎಂದರು. ಪ್ರೇಮಾನಂದ ಕುರ್ಚಿ ತೆಗೆಸಿ ನೋಡಿದ. ಶೀನ ನಿಂತೇ ಕೇಳಿದ. ಪ್ರೇಮಾನಂದ ಬಾಸ್ ಗಿಟಾರಿಗೆ ಬೇರೆಯವರನ್ನು ಕರೆಸಿದ. ಅವರು ಆ ನೋಟ ತಡೆಯಲಾರದೆ ಬಿಟ್ಟುಹೋದರು. ಕೊನೆಗೆ ತಾನೇ ಬಾಸ್ ಗಿಟಾರು ಕೊರಳಿಗೆ ಹಾಕಿಕೊಂಡು, ಕೋಣೆಯ ಬಾಗಿಲು ಮುಚ್ಚಿ ಹಗಲೆಲ್ಲ ಅಭ್ಯಾಸ ಮಾಡತೊಡಗಿದ. ಆ ಸುದ್ದಿ ಕೇಳಿದ ದಿನ ರಾಜೀವಿ ಹೊಟ್ಟೆ ತಂಪಾಗಿ ಮಲಗಿದಳು.

*

ಗಂಡಸರು ಚಟ್ಟ ಎತ್ತಿದರು. ಮುಂದಿನ ಹೆಗಲು ಪ್ರೇಮಾನಂದನೇ ಕೊಟ್ಟ. ಗಾಳಿಮರಗಳ ಆಚೆ ಅವರು ಮರೆಯಾದ ಮೇಲೆ ಬೆಳ್ಳಕ್ಕ ಚಾವಡಿಗೆ ನೀರು ಹೊಯ್ದಳು. ರಾಜೀವಿ ತೆಂಗಿನಕಡ್ಡಿಯ ಹಿಡಿಸೂಡಿ ತೆಗೆದುಕೊಂಡು ತಾನೇ ಬಳಿಯತೊಡಗಿದಳು.

"ತಮ್ಮ ಅಷ್ಟ್ ಅಳ್ತಾ ಇದ್ದ. ನೀನ್ ತಲೆ ಮುಟ್ಲಿಲ್ಲ," ಎಂದಳು ಬೆಳ್ಳಕ್ಕ.

"ಅಳ್ಲಿ."

"ಶೀನಣ್ಣ ಹೇಳ್ದ್ ಅವನಿಗ್ ಹೇಳ್ದ್ಯಾ?"

ಹಿಡಿಸೂಡಿ ನಿಂತಿತು.

ಹೋದ ತಿಂಗಳು ತಲ್ಲೂರಿನ ಮದುವೆಯೊಂದರಲ್ಲಿ ಪ್ರೇಮಾನಂದನ ಕಾರ್ಯಕ್ರಮ. ಎದೆಯಲ್ಲಿ ನೋವಿದ್ದರೂ ಶೀನ ಹೋಗಿದ್ದ. ಸಂಜೆಯ ಬಸ್ಸಿಗೆ ಹಿಂತಿರುಗಿದವನು ಕಾಲು ತೊಳೆಯದೆ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಬೆಳ್ಳಕ್ಕ ಬೇಲಿಯ ಬದಿ ನಿಂತಿದ್ದಳು.

"ರಾಜೀವಿ, ನಿನ್ ತಮ್ಮ ಇವತ್ತ್ ಬಾರ್ಸ್ದ," ಎಂದಿದ್ದ.

"ದಿನಾ ಬಾರ್ಸ್ತ ಅಲ್ದಾ?"

"ಅದಲ್ಲ. ಇವತ್ತ್ ಬಾರ್ಸ್ದ. ನಾನ್ ಕಲ್ಸಿದ್ದಕ್ಕಿಂತ ಮುಂದ್ ಹೋದ. ಆ ಹಾಳ್ ಕರೆಂಟಿನ ಕೋಲಂಗೆ ಅಂಥ ಸ್ವರ ಇತ್ತ್ ಅಂದ್ ನಂಗ್ ಗೊತ್ತಿರ್ಲಿಲ್ಲ." ಅವನ ಕಣ್ಣು ತುಂಬಿತ್ತು. "ನನ್ನ ಹೆದ್ರಿಕಿಗೇ ಕಲ್ತ ಕಾಣ್ ಹೈದ! ಅವನಿಗ್ ಹೇಳ್ಕ್. ನಾನ್ ಹೇಳುಕ್ ಹೋರೆ ಗಂಟ್ಲ್ ಕಟ್ಟತ್ತ್. ನೀನೇ ಹೇಳ್. ಭಾವ ಒಪ್ಕಂಡ್ರ್ ಅನ್ನ್."

"ಹೇಳ್ತೆ," ಎಂದಿದ್ದಳು ರಾಜೀವಿ. ಕುಂದಾಪುರದ ಪೇಟೆಯಲ್ಲಿ ತಮ್ಮ ಎರಡು ಸಲ ಎದುರಾದರೂ ಹೇಳಿರಲಿಲ್ಲ. ಹಾಸಿಗೆ ಹಿಡಿದ ಮೇಲೆ ಶೀನ ಒಮ್ಮೆ, "ಹೇಳ್ದ್ಯಾ?" ಎಂದು ಕೇಳಿದ. ಅವಳು ಹೂಂ ಎಂದಳು. "ಎಂತ ಅಂದ?" ಎಂದ. "ಖುಷಿ ಪಟ್ಟ," ಎಂದಳು. ಅವನ ಮುಖ ಬೆಳಗಿತು. ಆ ಬೆಳಕು ಕಂಡು ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಬೈಂದೂರಿನ ಜನರೆದುರು ಗುಂಡಿ ಹಾಕುತ್ತ ನಿಂತವನು ಇಷ್ಟು ಸುಲಭಕ್ಕೆ ಮರೆತನೆ? ಅವನು ಮರೆಯಬಹುದು. ತಾನು ಮರೆಯಲಾರೆ.

"ನಾನೂ ಬೇಲಿ ಬದಿಗೆ ಇದ್ದೆ ಅಲ್ದಾ ರಾಜೀವಿ? ಕೇಂಡಿದೆ," ಎಂದಳು ಬೆಳ್ಳಕ್ಕ.

"ಕೇಂಡಿದ್ರೆ ಕೇಂಡಿರ್. ನಿನ್ನ ಕೆಮಿ ನಿಂದ್, ನನ್ನ ಬಾಯಿ ನಂದ್."

"ಸತ್ತವ್ರ ಮಾತ್ ಅದ್. ಕಟ್ಟಿ ಇಡುಕಾಗ ಹೆಣ್ಣೆ."

ರಾಜೀವಿ ನೀರನ್ನು ಅಂಗಳಕ್ಕೆ ಬಳಿದು ಹಾಕಿದಳು.

*

ಬಿಸಿಲು ಇಳಿಯುವ ಹೊತ್ತಿಗೆ ಗಂಡಸರು ಮಿಂದು ಒದ್ದೆ ಬಟ್ಟೆಯಲ್ಲೇ ಬಂದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವಾದ್ದರಿಂದ ಬೆಳ್ಳಕ್ಕ ತನ್ನ ಮನೆಯಿಂದ ಗಂಜಿ ತಂದು ಚಾವಡಿಯಲ್ಲಿ ಬಡಿಸಿದಳು. ಉಂಡವರು ಒಬ್ಬೊಬ್ಬರಾಗಿ ಹೊರಟರು.

"ತೆಕ್ಕಟ್ಟೆ ಮದ್ವಿಗೆ ಬಾರ್ಸುಕಿತ್ತಲ್ದಾ ನಿಂಗೆ ಇವತ್ತ್? ಹೊತ್ತಾಯ್ತ್," ಎಂದ ಕಿಟ್ಟಣ್ಣ, ಪ್ರೇಮಾನಂದನಿಗೆ.

"ನಾ ಬತ್ತಿಲ್ಲ ಅಂದ್ ಕಾರಂಗೆ ಹೇಳಿ ಕಳ್ಸಿದೆ."

ಕಿಟ್ಟಣ್ಣನೂ ಹೋದ. ಪ್ರೇಮಾನಂದ ಅಕ್ಕನ ಎದುರು ಚಕ್ಕಳಮಟ್ಟೆ ಹಾಕಿ ಕುಳಿತ. ನೀರಿಳಿಯುವ ಉದ್ದ ಕೂದಲು ಹಣೆಗೆ ಅಂಟಿಕೊಂಡು ಅವನು ಮತ್ತೆ ಹೈದನಂತೆ ಕಂಡ. ರಾಜೀವಿ ಮುಖ ಬೇರೆ ಕಡೆ ತಿರುಗಿಸಿದಳು.

"ಅಕ್ಕಾ, ಒಂದ್ ಕೇಂತೆ. ಸಿಟ್ಟ್ ಮಾಡ್ಬೇಡ. ಭಾವ ಕಡಿಗೆ ನನ್ನ ವಿಷ್ಯ ಎಂತಾರೂ ಹೇಳ್ರಾ?"

ಅವರಿಬ್ಬರಿಗೆ ಗಂಜಿ ಬಡಿಸುತ್ತಿದ್ದ ಬೆಳ್ಳಕ್ಕನ ಸೌಟು ಅರ್ಧದಲ್ಲೇ ನಿಂತಿತು.

"ಎಂತದ್ ಹೇಳ್ಕಿತ್ತ್?" ಎಂದಳು ರಾಜೀವಿ.

"ಬೈಂದೂರಂಗೆ ನಾನ್ ಮಾಡಿದ್ದ್ ನಾಯಿಯೂ ಮಾಡುದಲ್ಲ. ಕಾಲ್ ಹಿಡಿಕ್ ಅಂದೇಳಿ ಎಷ್ಟ್ ಸಲ ಈ ದಾರಿಗ್ ಬಂದ್ ತಿರ್ಗಿ ಹೋಯ್ದೆ. ಆ ಎದ್ರ್ ಕುರ್ಚಿ ಕಂಡ್ರೆ ಧೈರ್ಯ ಬತ್ತಿರ್ಲಿಲ್ಲ." ಅವನ ದನಿ ಒಡೆಯಿತು. "ಹೋದ್ ತಿಂಗ್ಳ್ ತಲ್ಲೂರಂಗೆ ಅವ್ರ ಬೆರಳ್ ನಿಲ್ಲಲಿಲ್ಲ ಅಕ್ಕಾ. ಸುರುವಿಂದ ಕಡಿವರಿಗೂ ನನ್ನ ಒಟ್ಟಿಗೇ ಬಂತ್. ನಾನ್ ಕಣ್ಣಾರೆ ಕಂಡೆ. ಮನಿಗ್ ಬಂದ್ ಎಂತಾರೂ ಅಂದ್ರಾ?"

ಬೆಳ್ಳಕ್ಕ ರಾಜೀವಿಯ ಮುಖ ನೋಡಿದಳು. ರಾಜೀವಿ ಬೆಳ್ಳಕ್ಕನನ್ನೇ ದಿಟ್ಟಿಸಿ ನೋಡಿದಳು. ಬೆಳ್ಳಕ್ಕ ತಲೆ ತಗ್ಗಿಸಿದಳು.

"ಅಂದ್ರ್," ಎಂದಳು ರಾಜೀವಿ. "ತಲ್ಲೂರಂಗೆ ನುಸಿ ಜಾಸ್ತಿ ಅಂದ್ರ್."

"ಅಷ್ಟೆಯಾ?"

"ಅಷ್ಟೇ."

"ನನ್ನ ಬೈಯ್ಲೂ ಇಲ್ಯಾ?"

"ಬೈಯ್ಯುಕಾರೂ ನಿನ್ನ ನೆನಪಾಯ್ಕಲ್ದಾ?"

ಮಡಿಲಲ್ಲಿದ್ದ ಪ್ರೇಮಾನಂದನ ಎಡಗೈ ಬೆರಳುಗಳು ಒಂದರ ಮೇಲೊಂದು ಹತ್ತಿ ಮುದುಡಿಕೊಂಡವು. ಅವನು ಎದ್ದು ಅಂಗಳಕ್ಕಿಳಿದು, ತೆಂಗಿನಮರಕ್ಕೆ ಕೈಯೂರಿ, ಇವರಿಗೆ ಬೆನ್ನು ಮಾಡಿ ನಿಂತ. ಕಾರು ಆಗಲೇ ಹೋಗಿಯಾಗಿತ್ತು.

"ಉಣ್ಣು ಹೆಣ್ಣೆ," ಎಂದಳು ಬೆಳ್ಳಕ್ಕ, ಅವಳ ಮುಖ ನೋಡದೆ.

ರಾಜೀವಿ ತನ್ನ ಬಟ್ಟಲನ್ನು ಹತ್ತಿರ ಎಳೆದುಕೊಂಡಳು. ಶೀನ ಹಾಸಿಗೆ ಹಿಡಿದಾಗಿನಿಂದ ಅವಳಿಗೆ ಹಸಿವೆಂಬುದೇ ಇರಲಿಲ್ಲ. ಈಗ ಹೊಟ್ಟೆ ಹೊತ್ತಿಕೊಂಡಿತ್ತು. ಗಂಜಿಗೆ ಉಪ್ಪು ಹಾಕಿ, ಉಪ್ಪಿನಕಾಯಿಯ ಹೋಳು ಕಚ್ಚಿ, ಸುರ್ ಸುರ್ ಎಂದು ಉಂಡಳು. ಬಟ್ಟಲು ಎತ್ತಿ ತಿಳಿ ಕುಡಿದಳು. ಇನ್ನೊಮ್ಮೆ ಹಾಕಿಸಿಕೊಂಡು ಅದನ್ನೂ ಉಂಡಳು. ಅಂಗಳದಲ್ಲಿ ನಿಂತವನ ಭುಜಗಳು ಅಲುಗುತ್ತಿದ್ದವು. ಅವನ ಬಟ್ಟಲಿನ ಗಂಜಿ ತಣ್ಣಗಾಗಿ ಮೇಲೆ ಕೆನೆಗಟ್ಟಿತ್ತು. ರಾಜೀವಿ ಅದನ್ನೂ ತನ್ನ ಮುಂದೆ ಎಳೆದುಕೊಂಡು, ಬೆರಳಿನಿಂದ ಕೆನೆ ಒಡೆದು, ಉಣ್ಣತೊಡಗಿದಳು.